ರೈಜನ್ 2600ರ ಹಳೇ ಮಷಿನ್, ಕೈಯಾಗ 40,000: ಏನ್ ಬದಲಿಸೂದು, ಏನ್ ಬಿಡೂದು?

ಪ್ರಶ್ನೆ (ಧಾರವಾಡ, ಸಪ್ತಾಪುರ)

ನಮಸ್ಕಾರ್ರಿ ಸರ್. ನನ್ನ ಕಂಪ್ಯೂಟರ್ ಮಷಿನ್ ವಿವರ ಹಿಂಗೈತಿ: ರೈಜನ್ 5 2600 ಪ್ರೊಸೆಸರ್, ಬಿ450ಎಂ ಬೋರ್ಡ್, 8 ಜಿಬಿ ಡಿಡಿಆರ್4 2400 ರ್‍ಯಾಮ್ ಒಂದೇ ಸ್ಟಿಕ್, ಜಿಟಿಎಕ್ಸ್ 1050 ಟಿಐ 4 ಜಿಬಿ ಗ್ರಾಫಿಕ್ಸ್ ಕಾರ್ಡ್, 120 ಜಿಬಿ ಸಾಟಾ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್ ಡಿಸ್ಕ್, ಕ್ಯಾಬಿನೆಟ್ ಜೋಡಿ ಬಂದ 450 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ), 1080ಪಿ 75 ಹರ್ಟ್ಸ್ ಮಾನಿಟರ್. ವ್ಯಾಲೊರಂಟ್ ಆಟ ನಡುನಡುವೆ ತಡದು ತಡದು ಓಡತೈತಿ. ಸೈಬರ್‌ಪಂಕ್ 2077 ಅಂತೂ ಕೇಳಬ್ಯಾಡ್ರಿ. ಅಂಗಡ್ಯಾಗ "ಎಲ್ಲಾ ಮಾರಿ ಹೊಸಾದು ಕಟ್ಟಸ್ರಿ, 75,000 ಆಗತೈತಿ" ಅಂತಾರ. ನನ್ನ ಕಡೆ ಇರೂದು 40,000. ಬರೇ ಕಾರ್ಡ್ ಬದಲಿಸಿದ್ರ ನಡೀತೈತೇನ್ರಿ? ಆರ್‌ಎಕ್ಸ್ 6500 ಎಕ್ಸ್‌ಟಿ ಸೆಕೆಂಡ್ ಹ್ಯಾಂಡ್ ಸೋವಿ ಸಿಗಾಕತ್ತೈತಿ.

ಉತ್ತರ (ಸರ್ವಿಸ್ ಎಂಜಿನಿಯರ್, ಹುಬ್ಬಳ್ಳಿ)

ಮಾರಬ್ಯಾಡ್ರಿ. ನಿಮ್ಮ ಬೋರ್ಡ್ ಎಎಂ4 ಸಾಕೆಟ್‌ದು, ಅದರಾಗ ರೈಜನ್ 5000 ಸಾಲಿನ ಪ್ರೊಸೆಸರ್ ಕೂಡತಾವು. ಹೊಸಾದು ಕಟ್ಟಿಸಿದ್ರ ಬೋರ್ಡ್, ಡಿಡಿಆರ್5 ರ್‍ಯಾಮ್ ಎರಡಕ್ಕೂ ರೊಕ್ಕ ಸುರೀಬೇಕು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕಡೀಕ ರ್‍ಯಾಮ್ ರೇಟ್ ಏರಿದ್ದು ನಿಮಗೂ ಗೊತ್ತೈತಿ. ಆದ್ರ ಬರೇ ಕಾರ್ಡ್ ಬದಲಿಸೂದೂ ತಪ್ಪ.

6500 ಎಕ್ಸ್‌ಟಿ ಕಡೆ ತಿರುಗಿ ನೋಡಬ್ಯಾಡ್ರಿ. ಅದಕ್ಕ ಇರೂದು ನಾಕೇ ಪಿಸಿಐಇ ಲೇನ್ (ಕಾರ್ಡ್-ಬೋರ್ಡ್ ನಡುವಿನ ಡೇಟಾ ದಾರಿ). ಪಿಸಿಐಇ 4.0 ಆವೃತ್ತಿ ಬೋರ್ಡಿನ್ಯಾಗ ಹೆಂಗೋ ನಡದೀತು, ನಿಮ್ಮ ಬಿ450 3.0ದ್ದು, ಅಂದ್ರ ದಾರಿ ಅರ್ಧಕ್ಕರ್ಧ ಸಣ್ಣದಾಗತೈತಿ. ಮೆಮರಿ 4 ಜಿಬಿ ಅಷ್ಟ. ಅದು ತುಂಬಿದ ಕೂಡಲೇ ಟೆಕ್ಸ್‌ಚರ್ (ಆಟದ ಚಿತ್ರದ ಡೇಟಾ) ಎಲ್ಲಾ ಆ ಸಣ್ಣ ದಾರ್‍ಯಾಗ ಓಡ್ಯಾಡಬೇಕು, ಆಟ ಅಲ್ಲೇ ಜಕ್ಕ ಜಕ್ಕ ಅಂತೈತಿ. ರೆಕಾರ್ಡಿಂಗಿಗೆ ಬೇಕಾದ ಹಾರ್ಡ್‌ವೇರ್ ಎನ್‌ಕೋಡರ್ ಸೈತ ಅದರಾಗ ಇಲ್ಲ.

ಆರ್‌ಎಕ್ಸ್ 6600 ತಗೋರಿ. 8 ಜಿಬಿ, 132 ವ್ಯಾಟ್, ಒಂದೇ 8 ಪಿನ್ ಕನೆಕ್ಟರ್. ಇದಕ್ಕೂ 8 ಲೇನ್ ಮಾತ್ರ, 3.0 ಬೋರ್ಡಿನ್ಯಾಗ ಚೂರು ಕಡಿಮಿ ಆದ್ರೂ 1080ಪಿಯಾಗ ಕಣ್ಣಿಗೆ ಕಾಣೂದಿಲ್ಲ. ಟೆಕ್ಸ್‌ಚರ್ 'ಅಲ್ಟ್ರಾ' ಇಟ್ಟು 8 ಜಿಬಿ ಮೀರಿಸಬ್ಯಾಡ್ರಿ, ಅಷ್ಟ. ಬ್ಲೆಂಡರ್, ವಿಡಿಯೋ ಎಡಿಟಿಂಗ್ ಕೆಲಸಾ ಇದ್ರ ಮಾತ್ರ ಎನ್‌ವಿಡಿಯಾ ಕಡೆ ಹೋಗ್ರಿ: ಆರ್‌ಟಿಎಕ್ಸ್ 3060 12 ಜಿಬಿಗೆ 16 ಲೇನ್ ಅದಾವು, ಹಳೇ ಬೋರ್ಡಿಗೆ ಛಲೋ ಹೊಂದತೈತಿ, ಆದ್ರ 170 ವ್ಯಾಟ್ ತಿಂತೈತಿ.

ಈಗ ಖರೇ ವಿಷಯ, ಎಸ್‌ಎಂಪಿಎಸ್. ಈ ರೊಕ್ಕದಾಗ ಮೊದಲ ಬದಲಾಗಬೇಕಾದ್ದು ಅದು. ಕ್ಯಾಬಿನೆಟ್ಟಿನ ಸೈಡ್ ಪ್ಲೇಟ್ ಬಿಚ್ಚಿ ಅದರ ಸ್ಟಿಕರ್ ಓದ್ರಿ. ಮ್ಯಾಲಿನ ದೊಡ್ಡ ಅಕ್ಷರದ "450" ಬಿಡ್ರಿ, ಕೆಳಗ ಸಣ್ಣ ಕೋಷ್ಟಕದಾಗ ‘+12ವಿ’ ಮುಂದ ಎಷ್ಟು ಆಂಪ್ ಅಂತ ನೋಡ್ರಿ. 16 ಆಂಪ್ ಇದ್ರ 16 ಗುಣಿಸಲೆ 12, 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಕುಡಿಯೂದು ಆ 12 ವೋಲ್ಟಿನ ಲೈನಿಂದನ. ಉಳಿದ ವ್ಯಾಟ್ ಎಲ್ಲಾ 5 ವೋಲ್ಟ್, 3.3 ವೋಲ್ಟ್ ಅಂತ ಕಾಗದದ ಮ್ಯಾಲೆ ಕೂಡಿಸಿದ್ದು. ನಂಬಿಗಸ್ತ 550 ವ್ಯಾಟ್ ಸಪ್ಲೈದಾಗ 12 ವೋಲ್ಟ್ ಒಂದರ ಮ್ಯಾಲೇನ ಸುಮಾರು 45 ಆಂಪ್ ಬರದಿರತೈತಿ, ಅಂದ್ರ 540 ವ್ಯಾಟ್. ಫರಕ ನೋಡ್ರಿ.

1050 ಟಿಐ 75 ವ್ಯಾಟಿನ ಕಾರ್ಡ್, ಸ್ಲಾಟಿಂದನ ಕರೆಂಟ್ ತಗೊಂತಿತ್ತು, ಅದಕ್ಕ ಹಳೇ ಡಬ್ಬಿ ಇಷ್ಟು ದಿನ ಬಾಳಿತು. ಹೊಸ ಕಾರ್ಡಿಗೆ 8 ಪಿನ್ ಬೇಕು. "ಮೋಲೆಕ್ಸಿಂದ 8 ಪಿನ್ ಅಡಾಪ್ಟರ್ ಹಾಕಿ ಕೊಡ್ತೀನಿ" ಅಂದ್ರ ಕೈ ಮುಗದು ಬರ್ರಿ. ಪಿನ್ ಸಡಿಲ ಇದ್ದಲ್ಲಿ ಕಾಯ್ದು ಪ್ಲಾಸ್ಟಿಕ್ ಕರಗತೈತಿ. ಇನ್ನೊಂದು: ಪ್ರೊಸೆಸರಿನ 4+4 ಪಿನ್ನೂ ಕಾರ್ಡಿನ 6+2 ಪಿನ್ನೂ ನೋಡಾಕ ಅಣ್ಣತಮ್ಮರಂಗ ಇರತಾವು. ವೈರಿಂಗ್ ಮಾತ್ರ ಉಲ್ಟಾ. ಜೋರ್ ಮಾಡಿ ತುರುಕಿದ್ರ ಶಾರ್ಟ್.

ರೊಕ್ಕದ ಪಾಲು ನನ್ನ ಲೆಕ್ಕದಾಗ ಇಷ್ಟು: ಕಾರ್ಡಿಗೆ ಅರ್ಧ, ರೈಜನ್ 5 5600ಕ್ಕ ಕಾಲು ಭಾಗ, 550 ವ್ಯಾಟ್ 80 ಪ್ಲಸ್ ಬ್ರಾಂಜ್ ಸಪ್ಲೈಗೆ ಎಂಟರಾಗ ಒಂದು, ಉಳಿದದ್ದು ರ್‍ಯಾಮ್ ಮತ್ತ ಎಸ್‌ಎಸ್‌ಡಿಗೆ. ಹಳೇ ಕಾರ್ಡ್, ಹಳೇ ಪ್ರೊಸೆಸರ್ ಮಾರಿದ್ದು ಆ ಕಡೀ ಪಾಲಿಗೆ ಕೂಡಸ್ರಿ. ಬೆಲೆ ಕೇಳುವಾಗ 18 ಪರ್ಸೆಂಟ್ ಜಿಎಸ್‌ಟಿ ಸೇರೇನ ಕೇಳ್ರಿ, ಬಿಲ್ಲಿನ ಮ್ಯಾಲೆ ಸೀರಿಯಲ್ ನಂಬರ್ ಬರಸ್ರಿ.

ಪ್ರಶ್ನೆ (ಅದೇ ಧಾರವಾಡದವರು)

ಪ್ರೊಸೆಸರ್ ಯಾಕ್ರಿ ಸರ್? 2600ಕ್ಕೂ 6 ಕೋರ್, 5600ಕ್ಕೂ 6 ಕೋರ್. ಆ ರೊಕ್ಕಾನೂ ಕಾರ್ಡಿಗೇ ಹಾಕಿದ್ರ?

ಉತ್ತರ (ಹುಬ್ಬಳ್ಳಿ)

ಕೋರಿನ ಲೆಕ್ಕ ಒಂದೇ, ದುಡಿಯೂ ತಾಕತ್ತು ಬ್ಯಾರೆ. 2600 ಹತ್ರ 16 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮರಿ) ಐತಿ, ಅದೂ 8-8 ಅಂತ ಎರಡು ಪಾಲಾಗಿ. 5600ಕ್ಕ 32 ಎಂಬಿ, ಆರೂ ಕೋರಿಗೆ ಒಂದೇ ಉಗ್ರಾಣ. ವ್ಯಾಲೊರಂಟಿನಂಥ ಆಟದಾಗ ಇದೇ ಎದ್ದು ಕಾಣೂದು.

ನನ್ನ ಮಾತು ನಂಬಬ್ಯಾಡ್ರಿ, ನೀವ ಅಳೀರಿ. ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿ ಆಟದ ಮ್ಯಾಲೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಯೂಸೇಜ್ ತೋರಿಸ್ರಿ. ವಿ-ಸಿಂಕ್ (ಫ್ರೇಮನ್ನ ಮಾನಿಟರ್ ವೇಗಕ್ಕ ಕಟ್ಟೂ ಸೆಟ್ಟಿಂಗ್) ಬಂದ್, ಫ್ರೇಮ್ ಲಿಮಿಟ್ ಬಂದ್. ಜಿಪಿಯು 97-99 ಪರ್ಸೆಂಟ್ ಇದ್ರ ಕಾರ್ಡ್ ದಣದೈತಿ. 60-70ಕ್ಕ ನಿಂತು ಆಟ ತಡವರಿಸಿದ್ರ ಕಾರ್ಡ್ ಕೈ ಕಟ್ಟಿ ಕುಂತೈತಿ, ದಣದದ್ದು ಪ್ರೊಸೆಸರ್ ಇಲ್ಲಾ ರ್‍ಯಾಮ್. ಸೈಬರ್‌ಪಂಕಿನ್ಯಾಗ ಮೊದಲಿಂದು, ವ್ಯಾಲೊರಂಟಿನ್ಯಾಗ ಎರಡನೇದು ಕಾಣತೈತಿ ನಿಮಗ.

ಉತ್ತರ (ಅಸೆಂಬ್ಲಿ ಕೆಲಸದವರು, ಹಾವೇರಿ)

ಅಣ್ಣಾರ ಹೇಳಿದ್ದಕ್ಕ ಒಂದು ತಕರಾರು, ಒಂದು ಸೇರಿಕೆ.

ತಕರಾರು ರ್‍ಯಾಮ್ ಬಗ್ಗೆ. ಒಂದೇ ಸ್ಟಿಕ್ ಇದ್ರ ಸಿಂಗಲ್ ಚಾನೆಲ್ (ಮೆಮರಿಗೆ ಒಂದೇ ದಾರಿ), ರೈಜನ್ನಿಗೆ ಅದು ಕುತ್ತಿಗಿ ಹಿಡದಂಗ. ವ್ಯಾಲೊರಂಟ್ ತಡಿಯೂದಕ್ಕ ಅರ್ಧ ಕಾರಣ ಇದ. ಈಗಿನ ರೇಟಿನ್ಯಾಗ 8+8 ಹೊಸ ಕಿಟ್ ತಗೊಳ್ಳೂಕಿಂತ ಇನ್ನೊಂದು 8 ಜಿಬಿ ಸ್ಟಿಕ್ ಸೆಕೆಂಡ್ ಹ್ಯಾಂಡ್ ಹುಡುಕ್ರಿ. ಎರಡೂ 2400ಕ್ಕ ಓಡಿದ್ರೂ ಡ್ಯುಯಲ್ ಚಾನೆಲ್ ಆದ್ರ ಸಾಕಷ್ಟು ಫರಕ ಬೀಳತೈತಿ. ಪ್ರೊಸೆಸರಿಂದ ಎಣಿಸಿ 2ನೇ ಮತ್ತ 4ನೇ ಸ್ಲಾಟಿಗೆ ಹಾಕ್ರಿ. ಎರಡೇ ಸ್ಲಾಟಿನ ಬೋರ್ಡ್ ಇದ್ರ ಆ ಚಿಂತಿ ಇಲ್ಲ.

ಸೇರಿಕೆ ಎಸ್‌ಎಸ್‌ಡಿದು. ಸೈಬರ್‌ಪಂಕಿಗೆ ಒಂದಕ್ಕೇ ಸುಮಾರು 70 ಜಿಬಿ ಬೇಕು, ಅದೂ ಎಸ್‌ಎಸ್‌ಡಿ ಮ್ಯಾಲೆ. 120 ಜಿಬಿಯೊಳಗ ವಿಂಡೋಸ್ ಕುಂತ ಮ್ಯಾಲೆ ಜಾಗಾನ ಉಳಿಯೂದಿಲ್ಲ. ಎಂ.2 ಎನ್‌ವಿಎಂಇ (ಬೋರ್ಡಿಗೇ ಚುಚ್ಚೂ ಎಸ್‌ಎಸ್‌ಡಿ) 500 ಜಿಬಿ ಸಾಕು, ಜೆನ್3 (ಪಿಸಿಐಇ 3.0) ಸಾಕು. ನಿಮ್ಮ ಸ್ಲಾಟೇ 3.0, ಜೆನ್4ಕ್ಕ ಕೊಟ್ಟ ಹೆಚ್ಚಿನ ರೊಕ್ಕ ನೀರಾಗ ಹೋಮ. ಎಂ.2 ಹಾಕಿದ ಮ್ಯಾಲೆ ಹಾರ್ಡ್ ಡಿಸ್ಕ್ ಮಾಯ ಆದ್ರ ಗಾಬ್ರಿ ಆಗಬ್ಯಾಡ್ರಿ, ಕೆಲವು ಬೋರ್ಡಿನ್ಯಾಗ ಎಂ.2 ತುಂಬಿದ್ರ ಒಂದೆರಡು ಸಾಟಾ ಪೋರ್ಟ್ ಬಂದ್ ಆಗತಾವು. ಕೇಬಲ್ ಬ್ಯಾರೆ ಪೋರ್ಟಿಗೆ ಹಾಕ್ರಿ.

ಉತ್ತರ (ಹುಬ್ಬಳ್ಳಿ)

ರ್‍ಯಾಮ್ ಮಾತು ಒಪ್ಪಿದೆ, ಅರ್ಧ. 3200ರ ಜೋಡಿ ಸೆಕೆಂಡ್ ಹ್ಯಾಂಡ್ ಸಿಕ್ರ ಅದೇ ಛಲೋ. ಹಾಕಿದ ಮ್ಯಾಲೆ ಬಯೋಸಿನ್ಯಾಗ (ಬೋರ್ಡಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ (ರ್‍ಯಾಮ್ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡ್ರಿ, ಮರತ್ರ 3200ಕ್ಕ ರೊಕ್ಕ ಕೊಟ್ಟು 2133ರಾಗ ಓಡಸ್ತೀರಿ. ಬಾಳ ಮಂದಿ ಹಂಗ ಓಡಸಾಕತ್ತಾರ.

ಈಗ 5600 ಕೂಡ್ರಿಸೂ ಕ್ರಮ, ಎಡವಟ್ಟಾಗೂದು ಇಲ್ಲೇ.

ಹಳೇ 2600 ಇರುವಾಗನ ಬಯೋಸ್ ಅಪ್‌ಡೇಟ್ ಮಾಡ್ರಿ. 5600 ಬಂದದ್ದು 2022ರ ಏಪ್ರಿಲ್‌ದಾಗ, ಅದಕ್ಕಿಂತ ಬಾಳ ಹಳೇ ಬಯೋಸ್ ಅದನ್ನ ಗುರುತ ಹಿಡಿಯಲಿಕ್ಕಿಲ್ಲ. ಬೋರ್ಡಿನ ಮೂಲ್ಯಾಗ ಮಾಡೆಲ್, ರಿವಿಜನ್ ನಂಬರ್ ಅಚ್ಚಾಗಿರತೈತಿ. ಎರಡೂ ತಾಳೆ ನೋಡಿ ಕಂಪನಿ ಸೈಟಿಂದ ಫೈಲ್ ಇಳಸ್ರಿ, ಫೈಲ್ ಪಕ್ಕದ ಸೂಚನಾ ಓದ್ರಿ: ಕೆಲವಕ್ಕ ನಡುವಿನ ಒಂದು ಆವೃತ್ತಿ ಮೊದಲ ಹಾಕಬೇಕಾಗತೈತಿ. ಪೆನ್ ಡ್ರೈವ್ ಫ್ಯಾಟ್ 32ಕ್ಕ ಫಾರ್ಮ್ಯಾಟ್ ಮಾಡಿ ಬಯೋಸ್ ಒಳಗಿಂದನ ಫ್ಲಾಶ್ ಮಾಡ್ರಿ. ಕರೆಂಟ್ ಹೋಗೂ ಹೊತ್ತು ಬ್ಯಾಡ. ಗುಡುಗು ಮಿಂಚಿನ ಸಂಜಿ ಅಂತೂ ಬ್ಯಾಡೇ ಬ್ಯಾಡ.

ವಿಂಡೋಸಿನ್ಯಾಗ ಬಿಟ್‌ಲಾಕರ್ (ಡಿಸ್ಕಿಗೆ ಹಾಕೂ ಬೀಗ) ಆನ್ ಐತೇನು ನೋಡಿ, ಇದ್ರ ರಿಕವರಿ ಕೀ ಕಾಗದದ ಮ್ಯಾಲೆ ಬರಕೋರಿ. ಹೊಸ ಪ್ರೊಸೆಸರ್ ಹಾಕಿದಾಗ ಎಫ್‌ಟಿಪಿಎಂ (ಆ ಬೀಗದ ಕೀ ಕಾಯೂ ಭಾಗ) ರೀಸೆಟ್ ಮಾಡ್ಲೇನು ಅಂತ ಬೋರ್ಡ್ ಕೇಳತೈತಿ. 'ವೈ' ಒತ್ತಿದ ಮ್ಯಾಲೆ ಕೀ ಇಲ್ಲದಿದ್ರ ಡೇಟಾ ಕೈ ಬಿಟ್ಟಂಗ.

ಕೂಲರ್ ಬಿಚ್ಚೂ ಮೊದಲ ಹತ್ತು ನಿಮಿಷ ಆಟ ಆಡ್ರಿ. ಪೇಸ್ಟ್ ಕಾಯ್ದು ಮೆತ್ತಗಾಗಲಿ. ಆಮ್ಯಾಲೆ ಶಟ್‌ಡೌನ್, ಪ್ಲಗ್ ಕಿತ್ತಿ, ನಾಕೂ ಸ್ಕ್ರೂ ಎದುರುಬದುರು ಸಡಿಲಿಸಿ, ಕೂಲರನ್ನ ಎಡಕ್ಕ ಬಲಕ್ಕ ಮೆಲ್ಲಕ ತಿರುವಿ ಎತ್ತರಿ. ನೆಟ್ಟಗ ಜಗ್ಗಿದ್ರ ಎಎಂ4ದಾಗ ಲಿವರ್ ಬಿದ್ದಿದ್ರೂ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡ ಬರತೈತಿ, ಪಿನ್ ಮಣೀತಾವು. ಸ್ಕ್ರೂ ಬಿಚ್ಚಿದಾಗ ಬೋರ್ಡಿನ ಹಿಂದಿನ ಲೋಹದ ಪಟ್ಟಿ ಕಳಚಿ ಬೀಳತೈತಿ, ಕ್ಯಾಬಿನೆಟ್ ಅಡ್ಡ ಮಲಗಿಸಿ, ಒಂದು ಕೈ ಹಿಂದ ಇಟ್ಟು ಹಿಡೀರಿ. 5600ರ ಡಬ್ಬಿಯೊಳಗಿನ ಕೂಲರಿಗೆ ಪೇಸ್ಟ್ ಮೊದಲೇ ಹಚ್ಚಿರತಾರ, ಅದರ ಮ್ಯಾಲೆ ಮತ್ತ ಬಳೀಬ್ಯಾಡ್ರಿ.

ಎನ್‌ವಿಡಿಯಾದಿಂದ ಎಎಂಡಿ ಕಾರ್ಡಿಗೆ ಹೊಂಟೀರಿ, ಹಳೇ ಡ್ರೈವರ್ ಡಿಡಿಯು ಟೂಲ್‌ಲೆ ತಗದು ಹೊಸಾದು ಹಾಕ್ರಿ.

ಪ್ರಶ್ನೆ (ಗದಗ, ಬೆಟಗೇರಿ)

ನಂದೂ ಹೆಚ್ಚುಕಡಿಮಿ ಇದೇ ಮಷಿನ್ರಿ. 5600 ಹಾಕಿದೆ, ಫ್ಯಾನ್ ತಿರಗತಾವು, ಡಿಸ್‌ಪ್ಲೇ ಬರವಲ್ದು. ಎಚ್‌ಡಿಎಂಐ ಬೋರ್ಡಿಗೂ ಹಾಕಿ ನೋಡಿದೆ. ಇನ್ನೊಂದು, ಕ್ಯಾಬಿನೆಟ್ ಮುಟ್ಟಿದ್ರ ಜುಮ್ಮ ಅಂತೈತಿ.

ಉತ್ತರ (ಹಾವೇರಿ)

ಬೋರ್ಡಿನ ಎಚ್‌ಡಿಎಂಐ ಬಿಡ್ರಿ. 5600ರಾಗ ಗ್ರಾಫಿಕ್ಸೇ ಇಲ್ಲ, ಆ ಪೋರ್ಟ್ ಸತ್ತಂಗ. ಕೇಬಲ್ ಕಾರ್ಡಿಗೇ ಇರಲಿ. ಹೊಸ ಪ್ರೊಸೆಸರ್ ಹಾಕಿದ ಮೊದಲ ಸಲ ರ್‍ಯಾಮ್ ತಾಳೆ ಹಾಕಾಕ ಬೋರ್ಡ್ ಹೊತ್ತು ತಗೊಂತೈತಿ, ತಾನ ಒಂದೆರಡು ಸಲ ಬಂದಾಗಿ ಚಾಲೂ ಆಗತೈತಿ. ಐದು ನಿಮಿಷ ಬಿಡ್ರಿ. ಆಗಲಿಲ್ಲ ಅಂದ್ರ ಪ್ಲಗ್ ಕಿತ್ತಿ ಸಿಆರ್2032 ಸೆಲ್ ತಗದು ಹತ್ತು ನಿಮಿಷ ಬಿಟ್ಟು ಹಾಕ್ರಿ, ಒಂದೇ ಸ್ಟಿಕ್ ಇಟ್ಟು ನೋಡ್ರಿ, ಪ್ರೊಸೆಸರ್ ಹತ್ರದ 4 ಅಥವಾ 8 ಪಿನ್ ಪೂರ್ತಿ ಕೂತೈತೇನು ನೋಡ್ರಿ. ಅದಕ್ಕೂ ಬರಲಿಲ್ಲ ಅಂದ್ರ 2600 ವಾಪಸ್ ಹಾಕಿ ಬಯೋಸ್ ಆವೃತ್ತಿ ಓದ್ರಿ. ಅಪ್‌ಡೇಟ್ ಆಗಿರೂದಿಲ್ಲ, ನೂರಕ್ಕ ತೊಂಬತ್ತು ಇದ ಇರತೈತಿ.

ಜುಮ್ಮ ಅನ್ನೂದು ಅರ್ಥಿಂಗ್ ಇಲ್ಲದ್ದು. ಸಪ್ಲೈ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಸಣ್ಣ ಕರೆಂಟ್ ನೆಲಕ್ಕ ಇಳಿಯಾಕ ದಾರಿ ಇಲ್ಲದ ಕ್ಯಾಬಿನೆಟ್ಟಿನ ಮ್ಯಾಲೆ ನಿಂತಿರತೈತಿ. ಮೂರು ಪಿನ್ ಪ್ಲಗ್ ಇದ್ದ ಮಾತ್ರಕ್ಕ ಗ್ವಾಡಿ ಹಿಂದ ಅರ್ಥ್ ವೈರ್ ಐತಿ ಅಂತ ಅಲ್ಲ. ಎಲೆಕ್ಟ್ರಿಶಿಯನ್ ಕಡಿಂದ ಮೀಟರ್ ಇಟ್ಟು ನೋಡಸ್ರಿ: ಫೇಸ್-ಅರ್ಥ್ ನಡುವೆ 230ರ ಆಜುಬಾಜು, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಬರಬೇಕು. ಅದು ಸರಿ ಆಗೂತನಾ ಮಷಿನ್ ಬಿಚ್ಚಿ ಕೈ ಹಾಕಬ್ಯಾಡ್ರಿ, ಮ್ಯಾಲೆ ಹೇಳಿದ ಕೆಲಸಾನೂ ಅದಾದ ಮ್ಯಾಲೇನ ಮಾಡ್ರಿ.

ಪ್ರಶ್ನೆ (ಧಾರವಾಡ)

ಹಳೇ 600 ವಿಎ ಯುಪಿಎಸ್ ಐತ್ರಿ, ಅದು ತಡೀತೈತೇನು? ಮತ್ತ ನಮ್ಮ ಕಡೆ ಧೂಳು.

ಉತ್ತರ (ಹುಬ್ಬಳ್ಳಿ)

600 ವಿಎ ಅಂದ್ರ ಸಾಮಾನ್ಯವಾಗಿ 360 ವ್ಯಾಟ್. ನಿಮ್ಮ ಹೊಸ ಮಷಿನ್ ಆಟದಾಗ: ಪ್ರೊಸೆಸರ್ 76, ಕಾರ್ಡ್ 132, ಬೋರ್ಡ್-ಫ್ಯಾನ್-ಡಿಸ್ಕ್ 40, ಮಾನಿಟರ್ 25, ಸಪ್ಲೈದಾಗ ಸೋರೂದು ಸೇರಿ 310ರ ಹತ್ರ. ಬ್ಯಾಟರಿ ಎರಡು ಮೂರು ವರ್ಷ ಹಳೇದಾದ್ರ ಕರೆಂಟ್ ಹೋದ ಕ್ಷಣಾನ ಕುಯ್ ಅಂದು ಮಲಗತೈತಿ. 1000-1100 ವಿಎ ಬೇಕು, ಅದೂ ಈಗಲ್ಲ, ಮುಂದಿನ ಸಲ. ಇನ್ವರ್ಟರ್ ಇದ್ರ ಸೈನ್ ವೇವ್‌ದು ಇರಬೇಕು, ಹಿಂದಿನ ಸ್ವಿಚ್ 'ಯುಪಿಎಸ್' ಮೋಡಿಗೆ ಇಡ್ರಿ. ಇಲ್ಲದಿದ್ರ ಬದಲಾಗೂದು ತಡ ಆಗಿ ಮಷಿನ್ ರೀಸ್ಟಾರ್ಟ್.

ಧೂಳಿಗೆ ಎರಡು ತಿಂಗಳಿಗೊಮ್ಮೆ ಬ್ಲೋವರ್. ಊದುವಾಗ ಫ್ಯಾನ್ ರೆಕ್ಕಿ ಬಟ್ಟಲೆ ಹಿಡೀರಿ, ಗಿರಗಿರ ತಿರುಗಾಕ ಬಿಟ್ರ ಬೇರಿಂಗ್ ಹಾಳ. ಮುಂದ ಗಾಜಿನ ಬದಲು ಜಾಳಿಗಿ ಇರೂ ಕ್ಯಾಬಿನೆಟ್, ಒಳಗ ಎಳೆಯೂ ಫ್ಯಾನ್ ಎರಡು, ಹೊರಗ ಹಾಕೂದು ಒಂದು. ಏಪ್ರಿಲ್-ಮೇದಾಗ ಖೋಲಿನ 37-38 ಡಿಗ್ರಿ ಇದ್ದಾಗ ಪ್ರೊಸೆಸರ್ 80 ದಾಟಿದ್ರ ಹೆದರಬ್ಯಾಡ್ರಿ, 5600ರ ಮಿತಿ 90. ಅದನ್ನ ಮುಟ್ಟಾಕತ್ತರ ಕೂಲರ್ ಬಿಚ್ಚಿ ನೋಡ್ರಿ.

ಪ್ರಶ್ನೆ (ಧಾರವಾಡ)

ಸ್ಟಿಕರ್ ನೋಡಿದೆ ಸರ್. +12ವಿ1 10 ಆಂಪ್, +12ವಿ2 12 ಆಂಪ್ ಅಂತೈತಿ. 22 ಗುಣಿಸಲೆ 12, 264 ಆತಲ್ರಿ?

ಉತ್ತರ (ಹುಬ್ಬಳ್ಳಿ)

ಹಂಗ ಕೂಡಿಸಾಕ ಬರೂದಿಲ್ರಿ. ಎರಡು ರೇಲ್ (12 ವೋಲ್ಟಿನ ಲೈನ್) ಇದ್ರ ಕೆಳಗ 'ಎರಡೂ ಸೇರಿ ಗರಿಷ್ಠ' ಅಂತ ಬ್ಯಾರೆ ವ್ಯಾಟ್ ಬರದಿರಬೇಕು, ಅದ ಖರೇ. ಬರದೇ ಇಲ್ಲ ಅಂದ್ರ 264 ಅಂತ ನಂಬಬ್ಯಾಡ್ರಿ. ಆ ಡಬ್ಬಿ ಮ್ಯಾಲೆ 6600 ಹಾಕಬ್ಯಾಡ್ರಿ. ಈ ತಿಂಗಳು ಸಪ್ಲೈ ಮತ್ತ ರ್‍ಯಾಮ್ ತಗೊಂಡು ಬಯೋಸ್ ಮುಗಸ್ರಿ. ಕಾರ್ಡ್, ಪ್ರೊಸೆಸರ್ ಆಮ್ಯಾಲೆ. ಕಾರ್ಡ್ ತರೂ ಮೊದಲ ಕ್ಯಾಬಿನೆಟ್ಟಿನ ಹಿಂದಿನ ಪಟ್ಟಿಯಿಂದ ಮುಂದಿನ ಫ್ಯಾನಿನತನಕ ಟೇಪ್ ಹಿಡದು ಅಳತಿ ಬರಕೊಂಡ ಹೋಗ್ರಿ.