ಪದಚರ್ಚೆ: ಬೂಟ್‌ಲೋಡರ್ ಕರ್ನೆಲ್‌ಗೆ ಮಾಡುವ ಆ ಕೊನೆಯ ಕೆಲಸಕ್ಕೆ ಕ್ರಿಯಾಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಲ್ಯಾಬ್ ಕೈಪಿಡಿ ಬರೆಯುತ್ತಿದ್ದೇನೆ. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಅಂಗೈಯಗಲದ ಬೋರ್ಡು, ಅದರಲ್ಲಿ ಯು-ಬೂಟ್ ಎಂಬ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಮನ್ನು ಮೆಮೊರಿಗೆ ತಂದು ಓಡಿಸುವ ಪ್ರೋಗ್ರಾಮು), ಅದರ ಮೂಲಕ ಆರ್‌ಟೆಮ್ಸ್ ಎಂಬ ರಿಯಲ್ ಟೈಮ್ ಆಪರೇಟಿಂಗ್ ಸಿಸ್ಟಮ್ ಬೂಟ್ ಮಾಡುವುದು ಮೊದಲ ಪಾಠ. ಇಪ್ಪತ್ತು ಪುಟ ಸಲೀಸಾಗಿ ಸಾಗಿ, ಒಂದು ವಾಕ್ಯದ ಹತ್ತಿರ ಬಂದು ಗಾಡಿ ನಿಂತಿದೆ. "ಯು-ಬೂಟ್ ಕರ್ನೆಲ್ಲನ್ನು..." (ಅಂದರೆ ಆಪರೇಟಿಂಗ್ ಸಿಸ್ಟಮಿನ ನಟ್ಟನಡುವಿನ ಮುಖ್ಯ ಪ್ರೋಗ್ರಾಮನ್ನು) ಏನು ಮಾಡುತ್ತದೆ?

"ಬೂಟ್ ಮಾಡುತ್ತದೆ" ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಲ್ಯಾಬಿನಲ್ಲಿ ನಾವು ಆಡುವುದೂ ಅದನ್ನೇ: "ಬೋರ್ಡ್ ಬೂಟ್ ಆಗ್ತಿಲ್ಲ ಕಣೋ", "ಎಸ್‌ಡಿ ಕಾರ್ಡಿಂದ ಬೂಟ್ ಮಾಡಿ ನೋಡು". ಆ ಪದದ ಮೇಲೆ ನನಗೆ ಮುನಿಸಿಲ್ಲ, ಅದು ನಮ್ಮದೇ ಆಗಿಹೋಗಿದೆ. ಆದರೆ ಅದು ತೀರಾ ದೊಡ್ಡ ಚೀಲ. ಕರೆಂಟು ಕೊಟ್ಟ ಗಳಿಗೆಯಿಂದ ಕರ್ನೆಲ್ ಎದ್ದು ಕೂರುವವರೆಗಿನ ಎಲ್ಲವನ್ನೂ ಅದರೊಳಗೇ ತುರುಕುತ್ತೇವೆ. ನನಗೆ ಬೇಕಿರುವುದು ಅದರ ಕೊನೆಯ ಒಂದೇ ಹೆಜ್ಜೆಗೆ ಹೆಸರು.

ನಡೆಯುವುದು ಇಷ್ಟು. ಮೊದಲು ಓಡುವುದು ಚಿಪ್ಪಿನೊಳಗೆ ಅಳಿಸಲಾಗದಂತೆ ಕೊರೆದಿಟ್ಟ ರೋಮ್ ಕೋಡು. ಅದು ಎಸ್‌ಡಿ ಕಾರ್ಡಿನಲ್ಲಿ ಎಂಎಲ್‌ಒ ಎಂಬ ಪುಟ್ಟ ಫೈಲನ್ನು ಹುಡುಕಿ ಚಿಪ್ಪಿನದೇ ಚೂರು ಮೆಮೊರಿಗೆ ತಂದುಕೊಳ್ಳುತ್ತದೆ. ಚೂರೇ ಏಕೆಂದರೆ, ಹೊರಗಿನ ದೊಡ್ಡ ಮೆಮೊರಿ ಆಗಿನ್ನೂ ಎಚ್ಚರವಾಗಿರುವುದಿಲ್ಲ. (ಕಾರ್ಡು ಹಾಕಲು ಮರೆತು, ಬೋರ್ಡಿನದೇ ಇಎಂಎಂಸಿ ಸಂಗ್ರಹವೂ ಖಾಲಿ ಇದ್ದರೆ ರೋಮ್ ಕೋಡು ಸೀರಿಯಲ್ ತಂತಿಯ ಮೇಲೆ ‘ಸಿ ಸಿ ಸಿ’ ಎಂದು ಅಕ್ಷರ ಕಳಿಸುತ್ತ ಕೂರುತ್ತದೆ. ಹುಡುಗರು ಇದನ್ನು "ಬೋರ್ಡು ಛೀ ಛೀ ಅಂತಿದೆ ಸರ್" ಎನ್ನುತ್ತಾರೆ.) ಎಂಎಲ್‌ಒ ದೊಡ್ಡ ಮೆಮೊರಿಯನ್ನು ಎಬ್ಬಿಸಿ, ಪೂರ್ತಿ ಯು-ಬೂಟನ್ನು ಅಲ್ಲಿಗೆ ತರುತ್ತದೆ. ಯು-ಬೂಟ್ ಕರ್ನೆಲ್ ಇಮೇಜನ್ನು, ಅಂದರೆ ಕರ್ನೆಲ್ ಇರುವ ಫೈಲನ್ನು, ತರುತ್ತದೆ. ಇಮೇಜಿನ ತಲೆಯಲ್ಲಿ 64 ಬೈಟಿನ ಒಂದು ಚೀಟಿ: ಎಲ್ಲಿ ಇಳಿಸಬೇಕು, ಯಾವ ಬಾಗಿಲಲ್ಲಿ ಒಳಹೊಗಬೇಕು, ಸರಕು ಕೆಟ್ಟಿಲ್ಲವೆಂದು ನೋಡಲು ಒಂದು ಚೆಕ್‌ಸಮ್. ಈ ಬೋರ್ಡಿನಲ್ಲಿ ಇಳಿಸುವ ಜಾಗದ ವಿಳಾಸ ಹೆಕ್ಸ್ (ಹದಿನಾರರ ಎಣಿಕೆಯಲ್ಲಿ) 80000000, ದೊಡ್ಡ ಮೆಮೊರಿ ಶುರುವಾಗುವುದೇ ಅಲ್ಲಿಂದ.

ಮೊದಲು ನನಗೆ ಹೊಳೆದದ್ದು ‘ಹೆಪ್ಪು’. ಬೂಟ್ ಎಂಬುದು ಬೂಟ್‌ಸ್ಟ್ರ್ಯಾಪ್‌ನ ಮೊಟಕು. ಬೂಟಿನ ಹಿಂಬದಿಯ ಪಟ್ಟಿ ಹಿಡಿದೆಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸದ ಚಿತ್ರ ಅದು. ಚಪ್ಪಲಿ ಮೆಟ್ಟಿ ಬೆಳೆದ ನಮಗೆ ಕಣ್ಣಿಗೆ ಕಟ್ಟುವುದಿಲ್ಲ. ಆದರೆ ಅದೇ ಒಗಟು ನಮ್ಮ ಅಡುಗೆಮನೆಯಲ್ಲಿದೆ: ಮೊಸರಾಗಲು ಮೊಸರೇ ಬೇಕು. ಚೂರು ಪ್ರೋಗ್ರಾಮು ದೊಡ್ಡದನ್ನು ತರುತ್ತದೆ, ಚಮಚ ಮೊಸರು ಪಾತ್ರೆ ಹಾಲನ್ನು ಹೆಪ್ಪುಗಟ್ಟಿಸುತ್ತದೆ. ‘ಹೆಪ್ಪು ಹಾಕು’ ಎಂದು ಬರೆದುಕೊಂಡು ಒಂದು ವಾರ ಬೀಗಿದೆ. ಆಮೇಲೆ ನನ್ನಾಕೆ ಕೇಳಿದಳು, "ಹೆಪ್ಪು ಹಾಲಲ್ಲಿ ಬೆರೆತು ಮೊಸರೇ ಆಗತ್ತಲ್ಲ, ನಿಮ್ಮ ಯು-ಬೂಟ್ ಕರ್ನೆಲ್ ಆಗತ್ತಾ?" ಆಗುವುದಿಲ್ಲ. ಕರ್ನೆಲ್ ಎದ್ದ ಮೇಲೆ ಯು-ಬೂಟ್ ಕೂತಿದ್ದ ಜಾಗವೂ ಖಾಲಿ ಸೈಟು. ಅಲ್ಲಿ ಏನು ಬೇಕಾದರೂ ಕಟ್ಟಿಕೊಳ್ಳಬಹುದು. ಜರ್ಮನಿಯ ವೋಲ್ಫ್‌ಗಾಂಗ್ ಡೆಂಕ್ ಬೆಳೆಸಿದ ಈ ಬೂಟ್‌ಲೋಡರಿನ ಹೆಸರಿಗೆ ಅವರ ಭಾಷೆಯಲ್ಲಿ ಜಲಾಂತರ್ಗಾಮಿ ಎಂಬ ಅರ್ಥವೂ ಇದೆ. ಮುಳುಗಿ ಮಾಯವಾಗುವುದು ಅದರ ಜಾತಕದಲ್ಲೇ ಬರೆದಿದೆ ಅನ್ನಿ. ಹೆಪ್ಪು ಕೈಬಿಟ್ಟೆ.

ಕೊನೆಗೆ ದಾರಿ ತೋರಿದ್ದು ಯು-ಬೂಟಿನದೇ ಎರಡು ಆಜ್ಞೆಗಳು: ‘ಗೋ’ ಮತ್ತು ‘ಬೂಟ್‌ಎಂ’. ಹೊರನೋಟಕ್ಕೆ ಎರಡೂ ಮೆಮೊರಿಯಲ್ಲಿ ಒಂದು ಕಡೆಗೆ ನೆಗೆಯುತ್ತವೆ. ಆದರೆ ‘ಗೋ’ ಮಾಡುವುದು ಫಂಕ್ಷನ್ ಕರೆಯುವ ಹಾಗೆ. ಹೋದ ಪ್ರೋಗ್ರಾಮು ಶಿಸ್ತಿನದಾದರೆ ಕೆಲಸ ಮುಗಿಸಿ ಮರಳುತ್ತದೆ, ಯು-ಬೂಟ್ ಅದರ ರಿಟರ್ನ್ ಕೋಡನ್ನು ತೋರಿಸಿ ಮತ್ತೆ ನಿಮ್ಮ ಮುಂದಿನ ಆಜ್ಞೆಗೆ ಕಾಯುತ್ತದೆ. ‘ಬೂಟ್‌ಎಂ’ ಹಾಗಲ್ಲ. ಚೀಟಿ ಓದಿ, ಚೆಕ್‌ಸಮ್ ನೋಡಿ, ಇಮೇಜನ್ನು ಅದರ ಜಾಗಕ್ಕೆ ಇಟ್ಟು, ಇಂಟರಪ್ಟುಗಳನ್ನು (ಯಂತ್ರಾಂಶ ನಡುವೆ ಕೂಗಿ ಕರೆಯುವುದನ್ನು) ನಿಲ್ಲಿಸಿ, ಕ್ಯಾಶ್ ಎಂಬ ಪ್ರೊಸೆಸರಿನ ಪಕ್ಕದ ವೇಗದ ಮೆಮೊರಿಯನ್ನು ಮುಚ್ಚಿ ನೆಗೆಯುತ್ತದೆ. ಅದಕ್ಕೆ ಮರಳಿ ಬರುವ ಮಾತಿಲ್ಲ.

ಈಗ ನಮ್ಮ ನುಡಿಯ ಚೋದ್ಯ ನೋಡಿ. ಮನೆಯಿಂದ ಹೊರಡುವಾಗ ನಾವು ಯಾರೂ "ಹೋಗ್ತೀನಿ" ಅನ್ನುವುದಿಲ್ಲ, "ಹೋಗ್ಬರ್ತೀನಿ" ಅನ್ನುತ್ತೇವೆ. ಬಾಯಿತಪ್ಪಿ "ಹೋಗ್ತೀನಿ" ಅಂದರೆ ಅಜ್ಜಿ ಬಿಡ್ತು ಅನ್ನಿಸುತ್ತಿದ್ದಳು. ಇಂಗ್ಲಿಷಿನ ‘ಗೋ’ ಇಲ್ಲಿ ನಿಜಕ್ಕೂ ‘ಹೋಗಿ ಬಾ’. ಅಜ್ಜಿ ಬೇಡವೆಂದ ‘ಹೋಗು’ ಇರುವುದು ‘ಬೂಟ್‌ಎಂ’ನಲ್ಲಿ. ‘ಗೋ’ಗೆ ‘ಹೋಗು’ ಎಂದು ಅನುವಾದಿಸಿದರೆ ಅರ್ಥ ಪೂರ್ತಿ ತಿರುಗುಮುರುಗು.

ಹಾಗಾದರೆ ಮರಳಿ ಬಾರದ ಈ ಹೋಗುವಿಕೆಗೆ ಏನೆನ್ನೋಣ? ‘ಪಟ್ಟಗಟ್ಟು’ ಚೆನ್ನಾಗಿದೆ: ಮಗನಿಗೆ ಪಟ್ಟಗಟ್ಟಿ ರಾಜ ತಪಸ್ಸಿಗೆ ಹೊರಟ, ಮತ್ತೆ ಅರಮನೆಯ ಕಡೆ ತಿರುಗಿ ನೋಡಲಿಲ್ಲ. ಆದರೆ ಲ್ಯಾಬ್ ಕೈಪಿಡಿಗೆ ಕಿರೀಟ ಭಾರ. ನನಗೆ ಒಗ್ಗಿದ್ದು ಸರ್ಕಾರಿ ಕಚೇರಿಯ ಮಾತು: ‘ಚಾರ್ಜ್ ಕೊಡು’. ವರ್ಗವಾದ ಸಾಹೇಬರು ಬಂದವರಿಗೆ ಚಾರ್ಜ್ ಕೊಟ್ಟು ರಿಲೀವ್ ಆಗುತ್ತಾರೆ. ಬರಿಗೈಯಲ್ಲಿ ಕೊಡುವುದಿಲ್ಲ, ಕಡತಗಳ ಪಟ್ಟಿಯ ಸಮೇತ. ಯು-ಬೂಟ್ ಕೂಡ ಹಾಗೆಯೇ: ಬೋರ್ಡಿನಲ್ಲಿ ಯಾವ ಯಂತ್ರಾಂಶ ಎಲ್ಲಿದೆ ಎಂಬ ಪಟ್ಟಿಯನ್ನು, ಅಂದರೆ ಡಿವೈಸ್ ಟ್ರೀಯನ್ನು, ಮೆಮೊರಿಯಲ್ಲಿಟ್ಟು ಅದರ ವಿಳಾಸವನ್ನು ಆರ್2 ಎಂಬ ರಿಜಿಸ್ಟರಿನಲ್ಲಿ (ಪ್ರೊಸೆಸರಿನೊಳಗಿನ ಪುಟ್ಟ ಗೂಡಿನಲ್ಲಿ) ಬಿಟ್ಟು ಹೋಗುತ್ತದೆ. ಇಮೇಜಿನ ಚೀಟಿಯಲ್ಲಿ ಲಿನಕ್ಸ್ ಎಂದಿದ್ದರೆ ಯು-ಬೂಟ್ ಕೊನೆಗೆ "ಸ್ಟಾರ್ಟಿಂಗ್ ಕರ್ನೆಲ್" ಅನ್ನುತ್ತದೆ. ಆರ್‌ಟೆಮ್ಸ್ ಎಂದಿದ್ದರೆ "ಟ್ರಾನ್ಸ್‌ಫರಿಂಗ್ ಕಂಟ್ರೋಲ್ ಟು ಆರ್‌ಟೆಮ್ಸ್" ಅನ್ನುತ್ತದೆ. ಎರಡನೆಯದು ಅಪ್ಪಟ ಕಚೇರಿಯ ಭಾಷೆ.

ಕರ್ನೆಲ್‌ಗೆ ‘ತಿರುಳು’ ಎಂದು ಹಲವರು ಸೂಚಿಸಿದ್ದಾರೆ. ಒಳ್ಳೆಯ ಪದ, ಕವಿರಾಜಮಾರ್ಗದ ಕಾಲದಿಂದ ‘ಕನ್ನಡದ ತಿರುಳ್’ ನಮ್ಮ ಜೊತೆಗಿದೆ. ಆದರೆ ತಿರುಳು ಸುಮ್ಮನೆ ಒಳಗಿರುತ್ತದೆ, ಚಾರ್ಜ್ ತೆಗೆದುಕೊಳ್ಳುವುದಿಲ್ಲ. ಆರ್‌ಟೆಮ್ಸ್ ಹೆಸರಿನಲ್ಲಿರುವ ‘ಇ’ ಎಕ್ಸಿಕ್ಯುಟಿವ್. ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್ ನೆನಪಾದರೆ ತಪ್ಪಿಲ್ಲ. ಹಾಗಾಗಿ ನಾನು ಕರ್ನೆಲ್ ಎಂದೇ ಉಳಿಸಿಕೊಂಡಿದ್ದೇನೆ. ಈ ವಿಷಯದಲ್ಲಿ ಜಗಳವಾಡುವ ಮನಸ್ಸಿಲ್ಲ.

ಜಗಳವಾಡುವ ಮನಸ್ಸಿರುವುದು ‘ನೈಜ ಸಮಯ’ದ ಮೇಲೆ. ರಿಯಲ್ ಟೈಮಿಗೆ ಹೀಗೆ ಬರೆದರೆ ಓದುವ ಹುಡುಗ ‘ಉಳಿದ ಗಡಿಯಾರಗಳು ಸುಳ್ಳೇ?’ ಎಂದು ಕೇಳುತ್ತಾನೆ. ವೇಗವೆಂದೂ ಅದರ ಅರ್ಥವಲ್ಲ, ಅರ್ಥ ಇರುವುದು ಗಡುವಿನಲ್ಲಿ. 1997ರಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರು ಮತ್ತೆ ಮತ್ತೆ ರೀಸೆಟ್ ಆಗುತ್ತಿತ್ತು. ಹವಾಮಾನದ ಮಾಹಿತಿ ಸೇರಿಸುವ ಕೆಳಗಿನ ಆದ್ಯತೆಯ ಕೆಲಸವೊಂದು ಬೀಗ ಹಿಡಿದು ಕೂತಿದ್ದರಿಂದ ಮೇಲಿನ ಆದ್ಯತೆಯ ಕೆಲಸ ಗಡುವು ಮೀರುತ್ತಿತ್ತು. ಲೆಕ್ಕ ತಪ್ಪಿರಲಿಲ್ಲ, ಹೊತ್ತು ತಪ್ಪಿತ್ತು.

ನಮ್ಮ ರಾಜ್ಯದಲ್ಲಿ ಇದಕ್ಕೆ ಪದವೂ ಇದೆ, 2011ರ ಕಾಯ್ದೆಯೂ ಇದೆ: ಸಕಾಲ. ಅರ್ಜಿ ಕೊಟ್ಟರೆ ಇಂತಿಷ್ಟು ದಿನದಲ್ಲಿ ಸೇವೆ, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ತಡವಾದ ಪ್ರಮಾಣಪತ್ರವೂ ಉಪಯೋಗಕ್ಕೆ ಬರುವುದರಿಂದ ಇದು ‘ಸಾಫ್ಟ್’ ರಿಯಲ್ ಟೈಮ್ ಜಾತಿಯದು. ಕಾರಿನ ಏರ್‌ಬ್ಯಾಗು ತಡವಾಗಿ ಬಿಚ್ಚಿಕೊಂಡರೆ ಯಾವ ಪರಿಹಾರವೂ ಸಾಲದು, ಅದು ‘ಹಾರ್ಡ್’. ಒಂದು ‘ಸಡಿಲ ಸಕಾಲ’, ಇನ್ನೊಂದು ‘ಕಟ್ಟಾ ಸಕಾಲ’ ಎನ್ನಬಹುದೇ? ಯೋಜನೆಯ ಹೆಸರೇ ಮೊದಲು ಮನಸ್ಸಿಗೆ ಬಂದು ಓದುಗರು ನಗುತ್ತಾರೆಯೇ?

ಮುಖ್ಯ ಪ್ರಶ್ನೆಗೆ ಮರಳುತ್ತೇನೆ. ‘ಚಾರ್ಜ್ ಕೊಡು’ ಎಂದು ಬರೆದರೆ ಇಂದಿನ ಮಕ್ಕಳಿಗೆ ಮೊಬೈಲ್ ಚಾರ್ಜರ್ ನೆನಪಾಗುತ್ತದೆ, ಅದರಲ್ಲೂ ವಿದ್ಯುತ್ತಿನ ಪಾಠದಲ್ಲಿ. ‘ಪ್ರಭಾರ ವಹಿಸಿಕೊಡು’ ಆದೇಶಪತ್ರದ ಹಾಗಿದೆ. ‘ಹಸ್ತಾಂತರಿಸು’ ಎಂದರೆ ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ. ಶಾನುಭೋಗಿಕೆ ಇದ್ದ ಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ ದಫ್ತರ ಬಿಟ್ಟುಕೊಡುವಾಗ ಮನೆಮಂದಿ ಆಡುತ್ತಿದ್ದ ಕ್ರಿಯಾಪದ ಯಾವುದು? ದಫ್ತರ ಒಪ್ಪಿಸಿದರೇ, ಇಳಿಸಿದರೇ, ದಾಟಿಸಿದರೇ? ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಬೇರೆ ಬೇರೆಯೇ ಇದ್ದಿರಬೇಕು. ಹಿರಿಯರ ಬಾಯಲ್ಲಿ ಕೇಳಿದ ನೆನಪಿದ್ದವರು ಊರಿನ ಹೆಸರಿನ ಸಮೇತ ತಿಳಿಸುತ್ತೀರಾ?