ಕಷ್ಟದಲ್ಲಿರುವ ಮನೆಗೆ ಹೋದಾಗ "ಭರವಸೆ ಇಡಿ" ಅನ್ನೋದರ ಆಚೆ ಏನು ಮಾಡಬೇಕು?

ಮಾಲತಿ ಹೊಳೆ:

ಎಲ್ಲರಿಗೂ ವಂದನೆ. ತೀರ್ಥಹಳ್ಳಿ–ಹೊಸನಗರ ನಡುವಿನ ಸಣ್ಣ ಪ್ರಾರ್ಥನಾ ಗುಂಪು ನಮ್ಮದು. ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಇದ್ದೇವೆ, ಒಂದೊಂದು ಮನೆ ಒಂದೊಂದು ಗುಡ್ಡದ ಮೇಲೆ. ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಸೊರಗಿ, ಸೊಸೈಟಿ ಸಾಲದ ಕಂತು ನಿಂತು, ಅದರ ಮೇಲೆ ಯಜಮಾನರಿಗೆ ಸ್ಟ್ರೋಕ್ ಆದ ಮನೆಯೂ ಇದೆ. ಭೇಟಿಗೆ ಹೋದವರು ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯ ಓದಿ, ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಭರವಸೆ ಅಂತ ಹೇಳಿ ಎದ್ದು ಬರ್ತೀವಿ. ಮನೆಯವರು ತಲೆ ಆಡಿಸ್ತಾರೆ. ಆಮೇಲೆ ಬಾಗಿಲ ಹತ್ತಿರ ಮೆಲ್ಲಗೆ, "ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ, ನನ್ನ ನಂಬಿಕೆನೇ ಹೋಯ್ತೇನೋ" ಅಂತಾರೆ. ಮಳೆ ಹಿಡಿದರೆ ಚರ್ಚಿಗೆ ಬರೋದೂ ಕಷ್ಟ.

ಇಂಥವರಿಗೆ ಏನು ಓದಬೇಕು, ದಿನದ ಪ್ರಾರ್ಥನೆ ಹೇಗೆ ಉಳಿಸಿಕೊಳ್ಳಬೇಕು, ಗುಂಪಾಗಿ ನಾವೇನು ಮಾಡಬಹುದು? ತಿಳಿದವರು ವಿವರವಾಗಿ ಬರೆಯಿರಿ.

ಶರಾವತಿ ಹಿನ್ನೀರು:

ಸಹೋದರಿ, ಮೊದಲು ಓದುವ ಭಾಗ ಬದಲಾಯಿಸಿ. ರೋಮಾ 5 ಸತ್ಯವೇ, ಆದರೆ ಅದನ್ನು ಬರೆದ ಪೌಲನೇ 2 ಕೊರಿಂಥ 1:8ರಲ್ಲಿ ತನಗೆ ಬದುಕುವ ನಿರೀಕ್ಷೆಯೇ ಇಲ್ಲದಷ್ಟು ಭಾರ ಬಿದ್ದಿತ್ತು ಅಂತ ಮುಚ್ಚುಮರೆ ಇಲ್ಲದೆ ಹೇಳಿದ್ದಾನೆ. ಆ ಮಾತನ್ನು ಬಿಟ್ಟು ರೋಮಾ 5 ಅಷ್ಟೇ ಓದಿದರೆ ನೊಂದವರ ಕಿವಿಗೆ "ಅಳಬೇಡ" ಅನ್ನುವ ಆಜ್ಞೆಯಾಗಿ ಬೀಳುತ್ತದೆ.

ಬೈಬಲ್‌ನ ಕೀರ್ತನೆಗಳಲ್ಲಿ ಗೋಳಿನ ಪ್ರಾರ್ಥನೆಗಳು ಸುಮಾರು ಮೂರರಲ್ಲಿ ಒಂದು ಪಾಲು. ಕೀರ್ತನೆ 13ರಿಂದ ಶುರು ಮಾಡಿ, ಬರೀ ಆರು ವಚನ. ಮೊದಲ ಎರಡರಲ್ಲಿ "ಎಷ್ಟು ಕಾಲ" ಅನ್ನುವ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ನಂಬುಗೆ. ಮನೆಯವರಿಗೆ ಒಂದು ಹಾಳೆ ಕೊಟ್ಟು ಮೊದಲ ಭಾಗವನ್ನು ತಮ್ಮದೇ ಮಾತಿನಲ್ಲಿ ಬರೆಯೋಕೆ ಹೇಳಿ: "ದೇವರೇ, ಎಷ್ಟು ಕಾಲ ಈ ಕಂತಿನ ಚಿಂತೆ", "ಎಷ್ಟು ಕಾಲ ಇವರು ಮಾತಾಡದೆ ಮಲಗಿರಬೇಕು". ಆಮೇಲೆ ಒಂದೇ ಒಂದು ಬೇಡಿಕೆ, ಇವತ್ತಿನದು. ಐದನೇ ವಚನಕ್ಕೆ ಅವಸರದಲ್ಲಿ ಎಳೆದು ತರಬೇಡಿ, ಒಂದು ವಾರ ಮೊದಲ ಭಾಗದಲ್ಲೇ ನಿಂತರೂ ಸರಿ. ಸಾಮಾನ್ಯವಾಗಿ ಕೆಡೋದು ಇಲ್ಲೇ: ಯಾರಾದರೂ ಗೋಳು ಹೇಳಿಕೊಂಡ ಕೂಡಲೇ ಪಕ್ಕದವರು "ಹಾಗನ್ನಬಾರದು, ಸ್ತೋತ್ರ ಹೇಳಿ" ಅಂತ ತಿದ್ದುತ್ತಾರೆ. ಆವತ್ತಿನಿಂದ ಆ ಮನುಷ್ಯ ಗುಂಪಿನಲ್ಲಿ ಬಾಯಿ ಬಿಡೋದಿಲ್ಲ.

ಏನೂ ಬೆಳಕು ಕಾಣದವರಿಗೆ ಕೀರ್ತನೆ 88 ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲು ಬರೋದೇ ಇಲ್ಲ. ಆದರೆ ಮೊದಲ ಸಾಲಿನಲ್ಲಿ ಕರೆದದ್ದು ರಕ್ಷಿಸುವ ದೇವರನ್ನೇ. ಪ್ರಾರ್ಥನೆ ಆಗ್ತಿಲ್ಲ ಅಂತ ನಿಮ್ಮ ಹತ್ತಿರ ಹೇಳಿದವರ ನಂಬಿಕೆ ಹೋಗಿಲ್ಲ. ಅವರು ಅದನ್ನೇ ದೇವರಿಗೆ ಹೇಳಿದರೆ ಅದೇ ಪ್ರಾರ್ಥನೆ.

ತೋಟ ಕಳೆದುಕೊಂಡವರಿಗೆ ಎಲ್ಲರೂ ಹಬಕ್ಕೂಕ 3:17–18 ತೋರಿಸುತ್ತಾರೆ: ಅಂಜೂರ ಚಿಗುರದಿದ್ದರೂ, ದ್ರಾಕ್ಷಿ ಹಣ್ಣು ಬಿಡದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ ಕರ್ತನಲ್ಲಿ ಆನಂದಿಸುವೆ ಅನ್ನುವ ಮಾತು. ಅಡಿಕೆ ಬೆಳೆಗಾರರಿಗೆ ಎದೆಗೆ ತಾಗುವ ಮಾತೇ. ಆದರೆ ಆ ಪ್ರವಾದಿ ಮೊದಲನೇ ಅಧ್ಯಾಯದಲ್ಲಿ "ಎಷ್ಟು ಕಾಲ ಕೂಗಲಿ, ನೀನು ಕೇಳುತ್ತಿಲ್ಲ" ಅಂತ ದೇವರೊಂದಿಗೆ ಜಗಳವಾಡಿದ್ದಾನೆ, ಎರಡನೆಯದರಲ್ಲಿ ಕಾವಲುಗಾರನ ಹಾಗೆ ನಿಂತು ಉತ್ತರಕ್ಕೆ ಕಾದಿದ್ದಾನೆ. ಒಂದನೇ ಅಧ್ಯಾಯದಲ್ಲಿರುವವರ ಕೈಗೆ ಮೂರನೆಯದನ್ನು ಕೊಡಬೇಡಿ. ಮೂರೂ ಅಧ್ಯಾಯ ಓದೋಕೆ ಕಾಲು ಗಂಟೆ ಸಾಕು, ಪೂರ್ತಿ ಓದಿ.

ಭದ್ರಾ ದಂಡೆ:

ದಿನದ ಪ್ರಾರ್ಥನೆ ಬಗ್ಗೆ. ಧ್ಯಾನಕೂಟದಿಂದ ಬಂದವರು ಹುರುಪಿನಲ್ಲಿ ದಿನಕ್ಕೆ ಒಂದು ಗಂಟೆ ಅಂತ ಹೊರಡುತ್ತಾರೆ. ರೋಗಿಯ ಆರೈಕೆ ಮಾಡುವ ಮನೆಯಲ್ಲಿ ಅದು ಒಂದು ವಾರವೂ ನಡೆಯಲ್ಲ. ತಪ್ಪಿದ ದಿನದ್ದನ್ನು ಮಾರನೆಯ ದಿನ ಸೇರಿಸಿ ಮಾಡೋಕೆ ಹೋಗಿ ಅದೂ ತಪ್ಪುತ್ತದೆ, ಕೊನೆಗೆ ನಾಚಿಕೆಯಿಂದ ಪೂರಾ ನಿಲ್ಲುತ್ತದೆ. ಹತ್ತು ನಿಮಿಷ ಇಟ್ಟುಕೊಳ್ಳಿ. ಗಡಿಯಾರಕ್ಕಲ್ಲ, ದಿನಾ ಹೇಗೂ ಮಾಡುವ ಕೆಲಸಕ್ಕೆ ಕಟ್ಟಿ: ಹಾಲು ಕರೆದು ಬಂದ ಮೇಲೆ, ಅಥವಾ ರೋಗಿಗೆ ರಾತ್ರಿ ಮಾತ್ರೆ ಕೊಟ್ಟ ಮೇಲೆ. ಒಂದು ನಿಮಿಷ ಸುಮ್ಮನೆ ಕೂತು, ಒಂದು ಕೀರ್ತನೆಯನ್ನು ಬಾಯಿಬಿಟ್ಟು ಓದಿ, ಅದರಲ್ಲಿ ಒಂದು ಸಾಲನ್ನು ಎರಡು ಮೂರು ಸಲ ಹೇಳಿ, ಒಬ್ಬರ ಹೆಸರು ಹಿಡಿದು ಬೇಡಿ, ಪರಲೋಕದ ತಂದೆಯೇ ಪ್ರಾರ್ಥನೆ ಹೇಳಿ ಏಳಿ. ತಪ್ಪಿದ್ದು ತಪ್ಪಿತು, ಮಾರನೆಯ ದಿನ ಅಷ್ಟೇ ಹತ್ತು ನಿಮಿಷ.

ಜಪಸರ, ಅಂದರೆ ಮಣಿ ಎಣಿಸುತ್ತಾ ಮರಿಯಮ್ಮನ ಪ್ರಾರ್ಥನೆ, ಹೇಳುವವರು ಐದು ದಶಕ (ಒಂದು ದಶಕ ಅಂದರೆ ಹತ್ತು ಮಣಿಯ ಸುತ್ತು) ಆಗದಿದ್ದರೆ ಒಂದೇ ದಶಕ ಹೇಳಿ, ಐದು ನಿಮಿಷದೊಳಗೆ ಮುಗಿಯುತ್ತದೆ. ನಿದ್ದೆ ಬಾರದ ರಾತ್ರಿಗೆ ಇದು ಒಳ್ಳೆಯದು, ಪುಸ್ತಕ ಬೇಡ, ದೀಪ ಬೇಡ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಎರಡೂ ಹೋಗುತ್ತವೆ, ಆದ್ದರಿಂದ ಮೊಬೈಲ್ ಬೈಬಲ್ ನೆಚ್ಚಬೇಡಿ. ದೊಡ್ಡ ಅಕ್ಷರದ ಪುಸ್ತಕ ಇಡಿ, ಪುಟ ಮುಗ್ಗದ ಹಾಗೆ ಒಲೆಮನೆ ಹತ್ತಿರದ ಗೂಡಿನಲ್ಲಿ.

ಇನ್ನೊಂದು ಮಾತು. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಸಾವು ಬೇಡಿ ಮರದ ಕೆಳಗೆ ಮಲಗುತ್ತಾನೆ. ದೂತ ಅವನಿಗೆ ಉಪದೇಶ ಮಾಡೋದಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ಎಬ್ಬಿಸಿ ಇನ್ನೊಮ್ಮೆ ಊಟ. ದೇವರ ಮಾತು ಬರೋದು ಅದೆಲ್ಲ ಆದ ಮೇಲೆ. ಆರೈಕೆ ಮಾಡುವ ಹೆಂಗಸು ನಿದ್ದೆಗೆಟ್ಟಿದ್ದರೆ ಅವರಿಗೆ ಬೈಬಲ್ ಪಾಠ ಹೇಳೋಕೆ ಮೊದಲು ನಾಲ್ಕು ಗಂಟೆ ಮಲಗಲು ಬಿಡಿ. ರೋಗಿಯ ಹತ್ತಿರ ನೀವು ಕೂತುಕೊಳ್ಳಿ.

ಮೆಟ್ಟುಗತ್ತಿ:

ಗುಂಪಿನ ಕೆಲಸದ ಬಗ್ಗೆ ನಾನು ಬರೀತೀನಿ. ಬೈಬಲ್‌ನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಸುಮ್ಮನೆ ಅವನ ಜೊತೆ ನೆಲದ ಮೇಲೆ ಕೂತಿದ್ದರು, ಅಲ್ಲಿಯವರೆಗೆ ಸರಿಯಿತ್ತು. ಬಾಯಿ ತೆರೆದು ಕಾರಣ ಹೇಳೋಕೆ ಹೊರಟ ಮೇಲೆ ಕೆಟ್ಟಿತು. ಇಬ್ಬರೇ ಹೋಗಿ, ಮೊದಲೇ ಫೋನ್ ಮಾಡಿ, ಅರ್ಧ ಗಂಟೆಗೆ ಎದ್ದು ಬನ್ನಿ. ಎಂಟು ಜನ ಹೋದರೆ ಆ ಮನೆಯವರು ನಿಮಗೆ ಕಾಫಿ ಮಾಡಬೇಕಾಗುತ್ತದೆ.

"ಏನಾದರೂ ಬೇಕಿದ್ದರೆ ಹೇಳಿ" ಅನ್ನಬೇಡಿ, ಯಾರೂ ಹೇಳೋದಿಲ್ಲ. "ಗುರುವಾರ ಶಿವಮೊಗ್ಗಕ್ಕೆ ಚೆಕಪ್‌ಗೆ ನಾನು ಬರ್ತೀನಿ, ಚೀಟಿ ಮಾಡಿಸೋ ಸಾಲಿನಲ್ಲಿ ನಾನು ನಿಲ್ತೀನಿ" ಅನ್ನಿ. ಕೊಯ್ಲಿನ ಕಾಲದಲ್ಲಿ ಇದು ಇನ್ನೂ ಮುಖ್ಯ. ಕೊಯ್ದ ಅಡಿಕೆ ಗೊನೆ ಕಾಯೋದಿಲ್ಲ. ಸುಲಿದು, ಬೇಯಿಸಿ, ಒಣಹಾಕಲೇಬೇಕು, ತಡವಾದರೆ ಉಳಿದಷ್ಟು ಅಡಿಕೆಗೂ ರೇಟು ಬೀಳುತ್ತದೆ. ನಾಲ್ಕು ಜನ ಸಂಜೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ತಗೊಂಡು ಹೋಗಿ ಅವರ ಅಂಗಳದಲ್ಲಿ ಕೂತರೆ ಗಲಾತ್ಯ 6:2ರಲ್ಲಿ ಒಬ್ಬರ ಭಾರ ಒಬ್ಬರು ಹೊರಬೇಕು ಅಂದದ್ದು ಏನೂಂತ ಮಕ್ಕಳಿಗೂ ಅರ್ಥವಾಗುತ್ತದೆ. ಸುಲಿಯುತ್ತಾ ಹಾಡು ಹೇಳಿ, ಬೇರೆ ಕೂಟ ಬೇಡ.

ದುಡ್ಡಿನ ವಿಷಯದಲ್ಲಿ ಬಿಗಿಯಾಗಿರಿ. ಗುಂಪಿನಿಂದ ಕೊಡೋದನ್ನು ಸಾಲ ಅನ್ನಬೇಡಿ, ಕೊಡುಗೆ ಅಂತಲೇ ಕೊಡಿ, ಇಬ್ಬರ ಸಹಿಯ ಒಂದು ಪುಸ್ತಕ ಇರಲಿ, ಮೊತ್ತವನ್ನು ಕೂಟದಲ್ಲಿ ಓದಬೇಡಿ. ನೋಟಿಸ್ ಬರುವ ಮೊದಲೇ ಪಾಸ್‌ಬುಕ್ಕು, ಪಹಣಿ ಹಿಡಿದು ಅವರ ಜೊತೆ ಸೊಸೈಟಿಗೆ ಹೋಗಿ, ಕಾರ್ಯದರ್ಶಿ ಹತ್ತಿರ ಅವಧಿ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗೋಕೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗುತ್ತದೋ ಕೇಳಿಕೊಳ್ಳಿ. "ಇಷ್ಟು ಬೀಜ ಕಾಣಿಕೆ ಕೊಟ್ಟರೆ ದೇವರು ಸಾಲ ತೀರಿಸ್ತಾನೆ" ಅಂತ ಯಾರು ಬಂದರೂ ಆ ಮನೆಯ ಬಾಗಿಲಿಗೆ ಬಿಡಬೇಡಿ. ಸುವಾರ್ತೆಯಲ್ಲಿ ಅಂಥ ಲೇವಾದೇವಿ ಇಲ್ಲ. ಮಾತ್ರೆ ಬಿಡಿ, ನಂಬಿಕೆ ಸಾಕು ಅನ್ನುವವರಿಗೂ ಅಷ್ಟೇ. ಯಾಕೋಬ 5:14 ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸಿ ಅನ್ನುತ್ತದೆ, ಔಷಧ ನಿಲ್ಲಿಸಿ ಅನ್ನುವುದಿಲ್ಲ.

ಯಾರಾದರೂ "ನಾನಿದ್ದು ಏನು ಪ್ರಯೋಜನ" ಅಂದರೆ ಅದನ್ನು ನಂಬಿಕೆಯ ಕೊರತೆ ಅಂತ ತಳ್ಳಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟೋದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ತೋಟದ ಔಷಧಿ ಡಬ್ಬಗಳನ್ನು ಮನೆಯಿಂದ ಆಚೆ ಸಾಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ, ಜೊತೆಗೆ ಹೋಗಿ.

ಮಾಲತಿ ಹೊಳೆ:

ಎಲ್ಲರಿಗೂ ತುಂಬಾ ಉಪಕಾರವಾಯ್ತು. ಹಬಕ್ಕೂಕನನ್ನು ಈ ವಾರವೇ ಪೂರ್ತಿ ಓದ್ತೀವಿ. ಒಂದು ಉಳಿಯಿತು: ಸ್ಟ್ರೋಕ್ ಆದವರಿಗೆ ಮಾತೇ ಹೊರಡಲ್ಲ. ಅವರ ಜೊತೆ ಪ್ರಾರ್ಥನೆ ಹೇಗೆ? ಪರಮಪ್ರಸಾದ (ಪೂಜೆಯಲ್ಲಿ ಕೊಡುವ ರೊಟ್ಟಿ) ಕೊಡಬಹುದಾ?

ಆಗುಂಬೆ ಘಾಟಿ:

ಮಾತು ನಿಂತಿದೆ ಅಂದರೆ ಅರ್ಥವಾಗುವುದೂ ನಿಂತಿದೆ ಅಂತಲ್ಲ. ಅವರ ಮುಂದೆ ಅವರ ಬಗ್ಗೆ ಮೂರನೆಯವರ ಹಾಗೆ ಮಾತಾಡಬೇಡಿ. ಮುಖಕ್ಕೆ ಮುಖ ಕಾಣುವ ಹಾಗೆ ಕೂತು, ಟಿವಿ ಆರಿಸಿ, ಸಣ್ಣ ಸಣ್ಣ ವಾಕ್ಯ ಹೇಳಿ. ಹೌದು, ಅಲ್ಲ ಅಂತ ಉತ್ತರಿಸಬಹುದಾದ ಪ್ರಶ್ನೆ ಕೇಳಿ, ಕೈ ಒತ್ತಿಯೋ ಕಣ್ಣು ಮಿಟುಕಿಸಿಯೋ ಹೇಳಲಿ.

ಸ್ವಂತ ವಾಕ್ಯ ಕಟ್ಟಲಾಗದ ಎಷ್ಟೋ ರೋಗಿಗಳಿಗೆ ಬಾಯಿಪಾಠ ಬಂದದ್ದು, ಹಾಡಿದ್ದು ಉಳಿದಿರುತ್ತದೆ. ಚಿಕ್ಕಂದಿನಿಂದ ಹೇಳಿದ ಪರಲೋಕದ ತಂದೆಯೇ, ನಮೋ ಮರಿಯ, ಹಳೆಯ ಹಾಡು, ಇವನ್ನು ಅವರಿಗೆ ರೂಢಿಯಿದ್ದ ಭಾಷೆಯಲ್ಲೇ ನಿಧಾನವಾಗಿ ಹೇಳಿ. ಮನೆಮಾತು ಕೊಂಕಣಿಯಾಗಿದ್ದರೆ ಕೊಂಕಣಿಯಲ್ಲೇ. ಸಾಲಿನ ಕೊನೆಯ ಪದದ ಮುಂಚೆ ನಿಲ್ಲಿಸಿ ಹತ್ತು ಎಣಿಸುವಷ್ಟು ಕಾಯಿರಿ. ಪದ ಬಂದರೆ ಬಂತು, ಬಾರದಿದ್ದರೆ ನೀವೇ ಹೇಳಿ ಮುಂದೆ ಹೋಗಿ. ಒತ್ತಾಯ ಮಾಡಿದರೆ ಸಿಟ್ಟು ಬರುತ್ತದೆ, ಅದು ಸಹಜ. ಆದಷ್ಟು ಬೇಗ ಸ್ಪೀಚ್ ಥೆರಪಿಗೂ ತೋರಿಸಿ.

ಪರಮಪ್ರಸಾದಕ್ಕೆ ಮೊದಲು ನುಂಗುವುದು ಹೇಗಿದೆ ಅಂತ ಡಾಕ್ಟರನ್ನು ಕೇಳಿ. ಸ್ಟ್ರೋಕ್ ಆದ ಮೇಲೆ ನೀರು ಕೂಡ ಶ್ವಾಸನಾಳಕ್ಕೆ ಇಳಿಯಬಹುದು, ಗಟ್ಟಿ ಗಂಜಿಗಿಂತ ತೆಳು ನೀರೇ ಹೆಚ್ಚು ಅಪಾಯ. ನುಂಗಬಹುದು ಅಂದರೆ ಬೆನ್ನಿಗೆ ದಿಂಬು ಕೊಟ್ಟು ನೇರ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ. ಫಾದರ್‌ಗೆ ಮೊದಲೇ ತಿಳಿಸಿದರೆ ಪ್ರಸಾದದ ಚಿಕ್ಕ ಚೂರಷ್ಟೇ ಕೊಡುತ್ತಾರೆ, ಅಷ್ಟು ಸಾಕು. ರೋಗಿಗಳಿಗೆ ತೈಲ ಹಚ್ಚುವ ಸಂಸ್ಕಾರವನ್ನೂ ಆಗಲೇ ಕೇಳಿ. ಅದು ಕೊನೆಯುಸಿರಿನವರಿಗೆ ಮಾತ್ರ ಅಂತ ನಮ್ಮ ಕಡೆ ಫಾದರನ್ನು ಕರೆಸೋಕೇ ಹೆದರುತ್ತಾರೆ. ಹಾಗಲ್ಲ, ಗಂಭೀರ ಕಾಯಿಲೆ ಬಿದ್ದಾಗಲೇ ಕೊಡಬಹುದು, ಕಾಯಿಲೆ ಉಲ್ಬಣವಾದರೆ ಮತ್ತೆ ಕೊಡಬಹುದು. ಜೂನ್ ಮಳೆಗೆ ರಸ್ತೆ ಕೆಡುವ ಮೊದಲೇ ಫಾದರ್‌ಗೆ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ.