ಸವಾನ್ನಾದಲ್ಲಿ ಹಳೇ ಕಟ್ಟಡದ ಸದರ್ನ್ ಹೋಟೆಲ್: ಸಸ್ಯಾಹಾರಿ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಕುಕ್ಕರಹಳ್ಳಿ_ಕೆರೆ:

ಎಲ್ಲರಿಗೂ ನಮಸ್ಕಾರ. ನಾವಿರೋದು ಅಟ್ಲಾಂಟಾದಲ್ಲಿ. ಮೈಸೂರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮಾರ್ಚ್ ಮಧ್ಯದಲ್ಲಿ ಎರಡು ದಿನ ಇದೇ ಜಾರ್ಜಿಯಾ ರಾಜ್ಯದ ಸವಾನ್ನಾಗೆ ಹೋಗಿಬರೋಣ ಅಂತಿದ್ದೇವೆ. ಅಪ್ಪ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿದ್ದವರು. ಹಳೇ ಕಟ್ಟಡ ಕಂಡರೆ ಸಾಕು, ಗೋಡೆ ಮುಟ್ಟಿ, ಗಾರೆ ಕೆರೆದು ನೋಡದೆ ಮುಂದೆ ಹೋಗೋದಿಲ್ಲ. ಅದಕ್ಕೇ ಒಂದು ರಾತ್ರಿ ಊಟ ದುರಸ್ತಿ ಮಾಡಿ ಉಳಿಸಿಕೊಂಡ ಹಳೇ ಕಟ್ಟಡದಲ್ಲಿ ಮಾಡಿಸಬೇಕು ಅಂತ ಆಸೆ. ಅದೂ ಆ ಕಡೆಯ ಸದರ್ನ್ ಅಡುಗೆಯೇ, ಅಂದರೆ ಅಮೆರಿಕದ ದಕ್ಷಿಣ ಸೀಮೆಯ ಅಡುಗೆಯೇ ಆಗಬೇಕು. ಅಷ್ಟು ದೂರ ಹೋಗಿ ಮತ್ತೆ ಪನೀರ್ ಬಟರ್ ಮಸಾಲ ತಿನ್ನೋದು ನನಗಿಷ್ಟ ಇಲ್ಲ.

ಇರೋ ತೊಂದರೆ ಅಮ್ಮನ ಊಟದ್ದು. ಮಾಂಸ ಮೀನು ಬಿಡಿ, ಮೊಟ್ಟೆಯನ್ನೂ ತಿನ್ನೋದಿಲ್ಲ. ಕೇಕ್ ಒಳಗಿದ್ದರೆ ಮಾತ್ರ ಕೇಳೋಕೆ ಹೋಗೋದಿಲ್ಲ. ಮಂಡಿ ನೋವೂ ಇದೆ, ಜಾಸ್ತಿ ಮೆಟ್ಟಿಲು ಹತ್ತೋಕಾಗಲ್ಲ. ಓಲ್ಡ್ ಪಿಂಕ್ ಹೌಸ್ ಅಂತ ಎಲ್ಲರೂ ಹೇಳ್ತಾರೆ. ಅಲ್ಲಿಗೇ ಹೋಗೋದಾ, ಬೇರೆ ಕಡೆನಾ? ಹೋಗಿಬಂದವರು ಹೇಳಿ.

ರಾಲಿಯ_ರಾಗಿಮುದ್ದೆ:

ನನ್ನ ಕೇಳಿದರೆ ಕಟ್ಟಡ ಹೊರಗಿಂದ ನೋಡಿ, ಊಟಕ್ಕೆ ಇಂಡಿಯನ್ ಅಥವಾ ಥಾಯ್ ಜಾಗಕ್ಕೆ ಹೋಗಿ. ನಾವು ಚಾರ್ಲ್ಸ್‌ಟನ್‌ನಲ್ಲಿ ಇಂಥದ್ದೇ ಒಂದು ಹಳೇ ಮನೆಯ ಹೋಟೆಲ್‌ಗೆ ಹೋಗಿದ್ದೆವು. ಮನೆ ಭಾಳ ಚೆನ್ನಾಗಿತ್ತು. ನನ್ನ ಹೆಂಡತಿಗೆ ಸಿಕ್ಕಿದ್ದು ಬ್ರೆಡ್ಡು ಮತ್ತು ಸೊಪ್ಪಿನ ಸಲಾಡ್. ಬೀನ್ಸ್ ಪಲ್ಯದಲ್ಲಿ ಮಾಂಸ ಇದೆಯಾ ಅಂತ ಕೇಳಿದ್ದಕ್ಕೆ ಬಡಿಸೋ ಹುಡುಗ ಇಲ್ಲ ಅಂದ. ತಟ್ಟೆ ಬಂದಾಗ ನೋಡಿದರೆ ಬೀನ್ಸ್ ಮಧ್ಯೆ ಬೇಕನ್ ಚೂರು, ಅಂದರೆ ಹಂದಿ ಮಾಂಸ. ಅವನಿಗೆ ಅದು ಮಾಂಸ ಅಂತಲೇ ಅನಿಸಿರಲಿಲ್ಲ. ವಯಸ್ಸಾದವರಿಗೆ ಆ ಪಾಡು ಬೇಡ.

ಗದಗಿನವಳು:

ಸಲಾಡ್ ತಿಂದು ಎದ್ದುಬರೋ ಊರಲ್ಲ ಇದು. ನಾನು ಸವಾನ್ನಾದಲ್ಲೇ ಇದ್ದೇನೆ, ನಾನೂ ಸಸ್ಯಾಹಾರಿ. ಸ್ವಲ್ಪ ಉದ್ದ ಬರೀತೀನಿ, ಓದಿ.

ಮೊದಲು ಊಟದ ಮಾತು. ಬೆಂಡೆಕಾಯಿ, ಅಲಸಂದೆ, ಅಕ್ಕಿ, ಸಿಹಿಗೆಣಸು, ಮೆಕ್ಕೆಜೋಳ, ಸೊಪ್ಪು. ಸದರ್ನ್ ಅಡುಗೆಮನೆಯ ದಿನಬಳಕೆ ಸಾಮಾನು ಇದು. ನಿಮ್ಮ ಅಮ್ಮನಿಗೆ ಇದರಲ್ಲಿ ಯಾವುದೂ ಹೊಸದಲ್ಲ. ತೊಡಕು ಬರೋದು ರುಚಿಗೆ ಅಂತ ಹಾಕೋದರಲ್ಲಿ. ಕಾಲರ್ಡ್ ಅನ್ನೋ ದಪ್ಪ ಎಲೆಯ ಸೊಪ್ಪನ್ನು ಗಂಟೆಗಟ್ಟಲೆ ಬೇಯಿಸ್ತಾರೆ. ಜೊತೆಗೆ ಹೊಗೆ ಹಾಕಿದ ಹಂದಿಕಾಲಿನ ಗೆಣ್ಣು ಬೇಯ್ತಾ ಇರುತ್ತೆ. ಬಡಿಸೋ ಮುಂಚೆ ಅದನ್ನು ಎತ್ತಿಬಿಟ್ಟರೆ ತಟ್ಟೆಯಲ್ಲಿ ಏನೂ ಕಾಣಲ್ಲ. ಅಲಸಂದೆ ಕಾಳಿಗೂ ಇದೇ ಕಥೆ. ಬಿಸ್ಕಿಟ್‌ನಲ್ಲಿ (ಇಲ್ಲಿ ಬಿಸ್ಕಿಟ್ ಅಂದರೆ ಮೆತ್ತನೆಯ ಬನ್ನಿನಂಥದ್ದು), ಪೈ ಹಿಟ್ಟಿನಲ್ಲಿ ಲಾರ್ಡ್ ಇರಬಹುದು, ಅಂದರೆ ಹಂದಿ ಕೊಬ್ಬು. ಕಾರ್ನ್‌ಬ್ರೆಡ್ ಅನ್ನೋ ಮೆಕ್ಕೆಜೋಳದ ಬ್ರೆಡ್ಡಿನ ಬಾಣಲೆಗೆ ಬೇಕನ್ ಜಿಡ್ಡು ಸವರೋ ರೂಢಿ ಇದೆ. ಕಾಯಿ ಟೊಮೆಟೊ ಹೋಳನ್ನು ಹಿಟ್ಟು ಹಚ್ಚಿ ಕರೀತಾರೆ. ತುಂಬ ರುಚಿ. ಆದರೆ ಎಷ್ಟೋ ಕಡೆ ಆ ಹಿಟ್ಟು ಅಂಟೋಕೆ ಮೊಟ್ಟೆ ಬೇಕು, ಮತ್ತೆ ಕರಿಯೋದು ಸೀಗಡಿ ಕರಿದ ಎಣ್ಣೆಯಲ್ಲೇ.

ಅದಕ್ಕೇ "ಇದರಲ್ಲಿ ಮಾಂಸ ಇದೆಯಾ" ಅಂತ ಕೇಳಿದರೆ ಉಪಯೋಗ ಇಲ್ಲ. ಒಂದೊಂದೇ ಹೆಸರು ಹಿಡಿದು ಕೇಳಿ. ಬೇಕನ್ ಇದೆಯಾ, ಹ್ಯಾಮ್ (ಹಂದಿ ತೊಡೆ ಮಾಂಸ) ಇದೆಯಾ, ಲಾರ್ಡ್ ಇದೆಯಾ, ಚಿಕನ್ ಸ್ಟಾಕ್ (ಕೋಳಿ ಬೇಯಿಸಿದ ರಸ) ಹಾಕಿದೀರಾ, ಮೊಟ್ಟೆ ಇದೆಯಾ. ಇದನ್ನು ಟೇಬಲ್‌ನಲ್ಲಿ ಕೂತಮೇಲೆ ಅಲ್ಲ, ಎರಡು ದಿನ ಮುಂಚೆ ಫೋನ್ ಮಾಡಿ ಕೇಳಬೇಕು. ಮಧ್ಯಾಹ್ನ ಮೂರರ ಹೊತ್ತಿಗೆ ಮಾಡಿ. ಆಗ ಅಡುಗೆಯವರಿಗೆ ಬಿಡುವಿರುತ್ತೆ, ಒಳಗೆ ಹೋಗಿ ವಿಚಾರಿಸಿ ಬಂದು ಹೇಳ್ತಾರೆ. ಮುಂಚೆ ಹೇಳಿದ್ದರೆ ಬೇರೆಯಾಗಿ ಮಾಡಿಕೊಡೋ ಜನ ಇಲ್ಲಿದ್ದಾರೆ.

ಗ್ರಿಟ್ಸ್ ಮಾತ್ರ ಬಿಡಬೇಡಿ. ಅದು ಮೆಕ್ಕೆಜೋಳದ ನುಚ್ಚು. ನಮ್ಮ ಕಡೆ ಜೋಳದ ನುಚ್ಚು ಮಾಡಿ ಮಜ್ಜಿಗೆ ಹಾಕಿ ತಿಂತೀವಲ್ಲ, ಅದೇ ಹದ. ಬೀಸುಕಲ್ಲಿನಲ್ಲಿ ಒಡೆದ ನುಚ್ಚಾದರೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ತಿರುವಬೇಕು. ಒಳ್ಳೇ ಜಾಗದಲ್ಲಿ ತಟ್ಟೆಗೆ ಹಾಕಿದಾಗ ಅದು ನೀರಾಗಿ ಹರಿಯಲ್ಲ, ಗಟ್ಟಿ ಮುದ್ದೆಯಾಗಿಯೂ ಕೂರಲ್ಲ. ನಿಧಾನಕ್ಕೆ ಅಗಲ ಆಗುತ್ತೆ, ನಡುವೆ ಬೆಣ್ಣೆ ಕರಗಿ ಹಳದಿ ಕೊಳ ಆಗುತ್ತೆ. ನಾಲಿಗೆಗೆ ಸಣ್ಣ ಸಣ್ಣ ಕಾಳು ಸಿಗಬೇಕು. ನುಣ್ಣಗೆ ಅಂಟಂಟಾಗಿದ್ದರೆ ಪ್ಯಾಕೆಟ್ ಹರಿದು ಬಿಸಿನೀರು ಸುರಿದದ್ದು ಅಂತ ತಿಳ್ಕೊಳ್ಳಿ. ಇದಕ್ಕೂ ಚಿಕನ್ ಸ್ಟಾಕ್ ಹಾಕೋರಿದ್ದಾರೆ. ಹಾಲು ನೀರಲ್ಲಿ ಬೇಯಿಸಿದ್ದು ಬೇಕು ಅಂತ ಹೇಳಿ.

ಇನ್ನು ಕಟ್ಟಡ. ಪಿಂಕ್ ಹೌಸ್ ಇರೋದು ರೆನಾಲ್ಡ್ಸ್ ಸ್ಕ್ವೇರ್ ಪಕ್ಕ. 18ನೇ ಶತಮಾನದಲ್ಲಿ ಹ್ಯಾಬರ್‌ಶಮ್ ಮನೆತನಕ್ಕೆ ಅಂತ ಕಟ್ಟಿದ್ದು. ಒಳಗಿರೋದು ಕೆಂಪು ಇಟ್ಟಿಗೆ, ಮೇಲೆ ಬಿಳಿ ಗಾರೆ. ಇಟ್ಟಿಗೆಯ ಬಣ್ಣ ಗಾರೆಯೊಳಗಿಂದ ಒಸರಿ ಗೋಡೆ ಗುಲಾಬಿ ಆಯ್ತು ಅಂತ ಇಲ್ಲಿಯವರೆಲ್ಲ ಹೇಳ್ತಾರೆ. ನಿಮ್ಮ ಅಪ್ಪ ಇದರ ಬಗ್ಗೆ ಅರ್ಧ ಗಂಟೆ ಮಾತಾಡಬಹುದು. 19ನೇ ಶತಮಾನದ ಮೊದಲಲ್ಲಿ ಅದು ಪ್ಲಾಂಟರ್ಸ್ ಬ್ಯಾಂಕ್ ಆಯ್ತು. ಬ್ಯಾಂಕಿನ ಖಜಾನೆ ಕೋಣೆ ಕೆಳಗೆ ಈಗಲೂ ಇದೆ, ಅಲ್ಲಿ ವೈನ್ ಇಡ್ತಾರೆ. ಚೆಂದದ ಜಾಗ, ಇಲ್ಲ ಅನ್ನಲ್ಲ. ಆದರೆ ಬಾಗಿಲಿಗೆ ಹೋಗೋಕೇ ಮೆಟ್ಟಿಲು, ಊಟದ ಕೋಣೆಗಳು ಮೇಲೂ ಇವೆ, ನೆಲಮಾಳಿಗೆಯಲ್ಲೂ ಇವೆ. ಮೆಟ್ಟಿಲು ಜಾಸ್ತಿ ಇಲ್ಲದ ಟೇಬಲ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಬೇಕು.

ನಾನಾಗಿದ್ದರೆ ಪಿಂಕ್ ಹೌಸನ್ನು ಹಗಲು ಹೊರಗಿಂದ ತೋರಿಸಿ, ರಾತ್ರಿ ಊಟಕ್ಕೆ ದ ಗ್ರೇಗೆ ಕರೆದುಕೊಂಡು ಹೋಗ್ತೀನಿ. ಅದು ಗ್ರೇಹೌಂಡ್ ಅನ್ನೋ ಬಸ್ ಕಂಪನಿಯ 1938ರ ನಿಲ್ದಾಣ. ಆಗಿನ ಕಾಲದ ಆರ್ಟ್ ಡೆಕೊ ಕಟ್ಟಡ. ದುಂಡಗೆ ತಿರುಗಿದ ಮೂಲೆಗಳು, ಲೋಹದ ಪಟ್ಟಿಗಳು. ಬಸ್ಸು ನಿಂತುಹೋಗಿ ವರ್ಷಗಟ್ಟಲೆ ಪಾಳು ಬಿದ್ದಿತ್ತು. ಅದನ್ನು ದುರಸ್ತಿ ಮಾಡಿ 2014ರ ಕೊನೆಯಲ್ಲಿ ಹೋಟೆಲ್ ತೆರೆದರು. ಜನ ಬಸ್ಸಿಗೆ ಕಾಯ್ತಿದ್ದ ಹಜಾರದಲ್ಲೇ ಈಗ ಊಟ.

ನಾನು ಇದನ್ನೇ ಹೇಳೋಕೆ ಕಾರಣ ಇದೆ. ಆ ನಿಲ್ದಾಣ ಕಟ್ಟಿದ ಕಾಲದಲ್ಲಿ ಕರಿಯರಿಗೆ ಬೇರೆ ಕೋಣೆ, ಬಿಳಿಯರಿಗೆ ಬೇರೆ ಕೋಣೆ. ಈಗ ಅದೇ ಕಟ್ಟಡದ ಅಡುಗೆಮನೆ ನಡೆಸ್ತಿರೋದು ಮಶಾಮಾ ಬೇಲಿ ಅನ್ನೋ ಕರಿಯ ಹೆಣ್ಣುಮಗಳು. ಬಾಲ್ಯದ ಒಂದಷ್ಟು ವರ್ಷ ಇದೇ ಊರಲ್ಲಿ ಬೆಳೆದವರು. 2022ರಲ್ಲಿ ಇಡೀ ದೇಶದ ಅತ್ಯುತ್ತಮ ಶೆಫ್ ಅಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಸದರ್ನ್ ಊಟ ಅಂತ ನಾವು ಯಾವುದನ್ನು ತಿಂತೀವೋ ಅದರ ಬೇರು ಅವರ ಹಿರಿಯರ ಕೈಯಲ್ಲಿದೆ. ಬೆಂಡೆಕಾಯಿ, ಅಲಸಂದೆ ಅಮೆರಿಕಕ್ಕೆ ಬಂದಿದ್ದು ಗುಲಾಮರನ್ನು ಆಫ್ರಿಕಾದಿಂದ ತಂದ ಹಡಗಿನ ದಾರಿಯಲ್ಲಿ. ಇಲ್ಲಿನ ಕರಾವಳಿಯ ಜೌಗು ನೆಲದಲ್ಲಿ ಭತ್ತದ ಗದ್ದೆ ಎಬ್ಬಿಸಿದ್ದು ಅದೇ ಜನ. ಅವರಲ್ಲಿ ಎಷ್ಟೋ ಮಂದಿ ಪಶ್ಚಿಮ ಆಫ್ರಿಕಾದ ಭತ್ತದ ಸೀಮೆಯಿಂದ ಬಂದವರು, ನೀರು ಕಟ್ಟೋದು ಬಿಡೋದು ಬಲ್ಲವರು. ಅವರ ವಂಶದವರು ಇವತ್ತೂ ಇದೇ ಕರಾವಳಿಯ ಸಪೆಲೊ ದ್ವೀಪದಲ್ಲಿ ಕೆಂಪು ಅಲಸಂದೆ ಬೆಳೀತಾರೆ. ದೊಡ್ಡ ಮನೆಗಳ ಗೋಡೆ ಎಷ್ಟು ಚೆನ್ನಾಗಿ ಉಳಿಸಿದ್ದಾರೆ ಅಂತ ನೋಡುವಾಗ ಆ ಮನೆಯಲ್ಲಿ ಬೇಯಿಸಿದವರು ಯಾರು, ಕೂತು ಉಂಡವರು ಯಾರು ಅನ್ನೋದನ್ನೂ ಅಪ್ಪ ಅಮ್ಮನಿಗೆ ಹೇಳಿ. ಅದು ಗೊತ್ತಿಲ್ಲದೆ ಈ ಊರಲ್ಲಿ ಊಟ ಮಾಡಿ ಹೋದರೆ ನನಗೆ ಬೇಜಾರು.

ದ ಗ್ರೇನ ಮೆನು ಬದಲಾಗ್ತಾ ಇರುತ್ತೆ. ಹೋಗೋ ವಾರ ವೆಬ್‌ಸೈಟ್ ನೋಡಿ, ಆಮೇಲೆ ಫೋನ್ ಮಾಡಿ ಅಮ್ಮನ ವಿಷಯ ಹೇಳಿ.

ಮೇಕನ್_ಮಲ್ಲಿಗೆ:

ಮಿಸೆಸ್ ವಿಲ್ಕ್ಸ್ ಹೋಟೆಲ್ ಬಗ್ಗೆ ಯಾರೂ ಹೇಳಲೇ ಇಲ್ವಲ್ಲ! ಜೋನ್ಸ್ ಸ್ಟ್ರೀಟಿನಲ್ಲಿದೆ. 1870ರ ಮನೆ. ಸೀಮಾ ವಿಲ್ಕ್ಸ್ ಅನ್ನೋ ಹೆಂಗಸು 1943ರಿಂದ ಅಲ್ಲಿ ಪರ ಊರಿನವರಿಗೆ ಊಟ ವಸತಿ ನಡೆಸಿದರು. ಅವರು ಈಗಿಲ್ಲ, ಮನೆಯವರು ನಡೆಸ್ತಿದ್ದಾರೆ. ಒಂದು ಟೇಬಲ್‌ಗೆ ಹತ್ತು ಜನ, ಗುರುತಿಲ್ಲದವರ ಜೊತೆ ಕೂರಬೇಕು. ಬಟ್ಟಲುಗಳು ಕೈಯಿಂದ ಕೈಗೆ ಹೋಗ್ತವೆ. ಉಂಡಾದಮೇಲೆ ನಿಮ್ಮ ತಟ್ಟೆ ನೀವೇ ಎತ್ತಿ ಅಡುಗೆಮನೆಗೆ ಕೊಡಬೇಕು. ನಮ್ಮ ಅತ್ತೆ ಮಾವನಿಗೆ ಭಾಳ ಇಷ್ಟ ಆಯ್ತು.

ಕುಕ್ಕರಹಳ್ಳಿ_ಕೆರೆ:

@ಗದಗಿನವಳು ಅಕ್ಕಾ, ತುಂಬ ಥ್ಯಾಂಕ್ಸ್. ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಗುಲಾಬಿ ಗಾರೆ ಕೇಳಿದ್ದೇ ತಡ, ಇನ್ನೂ ಏನೇನು ನೋಡಬಹುದು ಕೇಳು ಅಂತಿದ್ದಾರೆ. ಮಿಸೆಸ್ ವಿಲ್ಕ್ಸ್ ನಮಗೆ ಆಗುತ್ತಾ? ಮತ್ತೆ ನಾವು ಅಂದುಕೊಂಡಿರೋದು ಮಾರ್ಚ್ 16, 17. ರೂಮ್ ಇನ್ನೂ ಬುಕ್ ಮಾಡಿಲ್ಲ.

ಗದಗಿನವಳು:

17 ಬೇಡವೇ ಬೇಡ! ಅವತ್ತು ಸೇಂಟ್ ಪ್ಯಾಟ್ರಿಕ್ಸ್ ಡೇ, ಐರಿಶ್ ಜನರ ಹಬ್ಬ. ಸವಾನ್ನಾದಲ್ಲಿ ಅದು ದೊಡ್ಡ ಜಾತ್ರೆ. ರಸ್ತೆ ಬಂದ್, ಹೋಟೆಲ್ ರೂಮಿನ ದರ ಕೇಳೋಕಾಗಲ್ಲ, ಬೆಳಿಗ್ಗೆಯಿಂದಲೇ ಕುಡಿತ. ಅಮ್ಮನನ್ನು ಆ ಗದ್ದಲದಲ್ಲಿ ನಡೆಸೋದು ಕಷ್ಟ. ಒಂದು ವಾರ ಮುಂದೆ ಹಾಕಿ. ಅಷ್ಟು ಹೊತ್ತಿಗೆ ಅಜೇಲಿಯಾ ಹೂವೂ ಅರಳಿರುತ್ತೆ.

ಮಿಸೆಸ್ ವಿಲ್ಕ್ಸ್ ನನಗೂ ಇಷ್ಟದ ಜಾಗ. ಮಲ್ಲಿಗೆಯವರು ಹೇಳಿದ್ದೆಲ್ಲ ನಿಜ. ಆದರೆ ನಿಮ್ಮ ಅಮ್ಮನಿಗೆ ಅದು ಹೊಂದಲ್ಲ ಅನಿಸುತ್ತೆ. ಟೇಬಲ್ ನಡುವೆ ಕರಿದ ಕೋಳಿಯ ದೊಡ್ಡ ತಟ್ಟೆ ಇರುತ್ತೆ, ಅದು ಅವರ ಕೈ ಮೇಲೆಯೇ ಪಕ್ಕದವರಿಗೆ ಹೋಗಬೇಕು. ಎಲ್ಲರಿಗೂ ಒಂದೇ ಅಡುಗೆ, ಅಮ್ಮನಿಗೆ ಅಂತ ಬೇರೆ ಮಾಡೋ ಪದ್ಧತಿ ಅಲ್ಲ ಅದು. ಬುಕಿಂಗ್ ಇಲ್ಲ, ವಾರದ ದಿನಗಳಲ್ಲಿ ಮಧ್ಯಾಹ್ನ ಮಾತ್ರ ಊಟ, ಬೀದಿಯಲ್ಲಿ ಸಾಲು ನಿಲ್ಲಬೇಕು. ಮಂಡಿ ನೋವಿನವರು ಅಷ್ಟು ಹೊತ್ತು ಹೇಗೆ ನಿಲ್ತಾರೆ? ನೀವು ಗಂಡ ಹೆಂಡತಿ ಇನ್ನೊಂದು ಸಲ ಬಂದಾಗ ಖಂಡಿತ ಹೋಗಿ.

ಅಪ್ಪನಿಗೆ ಕೊಲಂಬಿಯಾ ಸ್ಕ್ವೇರ್‌ನ ಡ್ಯಾವನ್‌ಪೋರ್ಟ್ ಹೌಸ್ ತೋರಿಸಿ. 1820ರ ಮನೆ, ಈಗ ಮ್ಯೂಸಿಯಂ. ಈ ಊರಲ್ಲಿ ಹಳೇ ಕಟ್ಟಡ ಉಳಿಸೋ ಕೆಲಸ ಗಟ್ಟಿಯಾಗಿ ಶುರುವಾಗಿದ್ದೇ ಅಲ್ಲಿಂದ. 1954ರಲ್ಲಿ ಹಳೇ ಸಿಟಿ ಮಾರ್ಕೆಟನ್ನು ಕೆಡವಿ ಕಾರ್ ನಿಲ್ಲಿಸೋ ಕಟ್ಟಡ ಎಬ್ಬಿಸಿದರು. ಮಾರನೇ ವರ್ಷ ಈ ಮನೆಗೂ ಅದೇ ಗತಿ ಬರೋದರಲ್ಲಿತ್ತು. ಆಗ ಏಳು ಜನ ಹೆಂಗಸರು ಸೇರಿ 22,500 ಡಾಲರ್ ಒಟ್ಟುಮಾಡಿ ಮನೆ ಕೊಂಡು ಉಳಿಸಿದರು. ಹಿಸ್ಟಾರಿಕ್ ಸವಾನ್ನಾ ಫೌಂಡೇಶನ್ ಹುಟ್ಟಿದ್ದು ಹಾಗೆ. ನೀವು ಊಟ ಮಾಡೋಕೆ ಹುಡುಕ್ತಿರೋ ಇಂಥ ಕಟ್ಟಡಗಳು ಇಷ್ಟೊಂದು ಉಳಿದಿರೋದಕ್ಕೆ ಆ ಹೆಂಗಸರ ಹಟವೂ ಕಾರಣ. ನಮ್ಮ ಕಡೆಯ ವಾಡೆಗಳು ಒಂದೊಂದೇ ಬೀಳೋದನ್ನು ನೋಡಿ ಬಂದವಳು ನಾನು, ಈ ಕಥೆ ಹೇಳೋಕೆ ಸಿಕ್ಕರೆ ಬಿಡಲ್ಲ.

ಹಾಗೇ ನಡೆಯುವಾಗ ದಪ್ಪನೆಯ, ಬೂದು ಬಣ್ಣದ ಇಟ್ಟಿಗೆ ಕಂಡರೆ ಅಪ್ಪನಿಗೆ ತೋರಿಸಿ. ಅದಕ್ಕೆ ಸವಾನ್ನಾ ಗ್ರೇ ಅಂತಾರೆ. ನದಿ ದಂಡೆಯ ಹರ್ಮಿಟೇಜ್ ಅನ್ನೋ ಎಸ್ಟೇಟಿನಲ್ಲಿ ಗುಲಾಮರು ಕೈಯಾರೆ ಅಚ್ಚು ಹಾಕಿ ಸುಟ್ಟದ್ದು. ಈಗ ಅದಕ್ಕೆ ತುಂಬ ಬೆಲೆ. ಒಂದು ಕಾಲದಲ್ಲಿ ಬರೀ ಆ ಇಟ್ಟಿಗೆ ಮಾರೋದಕ್ಕೆ ಅಂತ ಮನೆ ಕೆಡವಿದ್ದೂ ಉಂಟು. ಕರಾವಳಿಯ ಹಳೇ ಗೋಡೆಗಳಲ್ಲಿ ಟ್ಯಾಬಿ ಅನ್ನೋದೂ ಸಿಗುತ್ತೆ. ಸಮುದ್ರದ ಚಿಪ್ಪು ಸುಟ್ಟ ಸುಣ್ಣ, ಮರಳು, ನೀರು, ಅದರ ಜೊತೆ ಇಡೀ ಚಿಪ್ಪುಗಳನ್ನೇ ಸೇರಿಸಿ ಹಲಗೆ ಮಧ್ಯೆ ಹೊಯ್ದ ಗೋಡೆ. ಮುಟ್ಟಿದರೆ ಚಿಪ್ಪಿನ ಅಂಚು ಕೈಗೆ ತಾಗುತ್ತೆ. ನಮ್ಮ ಕರಾವಳಿಯ ಚಿಪ್ಪಿನ ಸುಣ್ಣ ಕಂಡವರಿಗೆ ಬಿಡಿಸಿ ಹೇಳೋದೇ ಬೇಡ. ಆದರೆ ಕೆರೆಯೋಕೆ ಮಾತ್ರ ಬಿಡಬೇಡಿ!

ಕುಕ್ಕರಹಳ್ಳಿ_ಕೆರೆ:

24ಕ್ಕೆ ಬದಲಾಯಿಸಿದೆ ಅಕ್ಕಾ, ರೂಮ್ ಸಿಕ್ಕಿತು. ದ ಗ್ರೇಗೆ ಈಗಲೇ ಟೇಬಲ್ ಹಿಡೀತೀನಿ. ಸಿಹಿ ಏನು ಹೇಳಲಿ ಅಮ್ಮನಿಗೆ?

ಗದಗಿನವಳು:

ಪೀಚ್ ಕಾಬ್ಲರ್ ಇದ್ದರೆ ಅದು. ಪೀಚ್ ಹಣ್ಣಿನ ಮೇಲೆ ಹಿಟ್ಟು ಹಾಕಿ ಬೇಯಿಸಿದ ಸಿಹಿ. ಬಿಸಿಯಾಗಿ ಬರುತ್ತೆ, ಮೇಲೆ ಐಸ್‌ಕ್ರೀಮ್ ಇಡ್ತಾರೆ. ಮೇಲಿನ ಹಿಟ್ಟಿಗೆ ಬೆಣ್ಣೆನಾ ಲಾರ್ಡಾ ಅಂತ ಒಂದು ಮಾತು ಕೇಳಿಬಿಡಿ. ಪೆಕಾನ್ ಬೀಜದ ಪೈ ಬೇಡ, ಅದರ ಪಾಕ ಗಟ್ಟಿ ಆಗೋದೇ ಮೊಟ್ಟೆಯಿಂದ. ಬನಾನಾ ಪುಡಿಂಗ್‌ನ ಕಸ್ಟರ್ಡ್‌ಗೂ ಸಾಮಾನ್ಯವಾಗಿ ಮೊಟ್ಟೆ ಹಾಕ್ತಾರೆ. ಇಲ್ಲಿಯವರ ಐಸ್ ಟೀ ಭಾಳ ಸಿಹಿ. ಅಪ್ಪನಿಗೆ ಶುಗರ್ ಇದ್ದರೆ ಅನ್‌ಸ್ವೀಟ್ ಅಂತ ಕೇಳಿ ತೆಗೆದುಕೊಳ್ಳಿ.